ಬಳಕೆಗೆ ಯೋಗ್ಯ

ಅವರ ಬಲಗಿವಿಯ ಹಿಂದೆ ಪೆನ್ಸಿಲ್ ಕೂರುವಷ್ಟು ಗುಳಿ ಬಿದ್ದಿತ್ತು. ವರ್ಷಗಟ್ಟಲೆ ಒಂದೇ ಜಾಗದಲ್ಲಿ ಸಿಕ್ಕಿಸಿಕೊಂಡು ಚರ್ಮವೇ ಪೆನ್ಸಿಲಿಗೆ ಜಾಗ ಬಿಟ್ಟುಕೊಟ್ಟಿತ್ತು. ಪೆನ್ನು ಯಾಕೆ ಬಳಸುವುದಿಲ್ಲ ಎಂದು ಒಮ್ಮೆ ಕೇಳಿದ್ದೆ. "ಇಂಕು ನೀರ್ ಕಂಡ್ರೆ ಎದರ್ಕೊಂಡು ಓಡೋಯ್ತದೆ ಕಣ್ರೀ. ಪೆನ್ಸಿಲ್ಲು ಓಡಾಕಿಲ್ಲ" ಎಂದಿದ್ದರು.

ರಾಜ್ಯದ ಪರಿಸರ ಸಂಸ್ಥೆಯೊಂದರ ಪುಟ್ಟ ಕಚೇರಿ ನಮ್ಮದು, ಹುಣಸೂರಿನಲ್ಲಿ. ಸುತ್ತಲ ತಾಲ್ಲೂಕುಗಳ ಕೆರೆಗಳಿಂದ ಬಾಟಲಿಗಳಲ್ಲಿ ನೀರು ತುಂಬಿ ಪರೀಕ್ಷೆಗೆ ಕಳಿಸುವ ಅಟೆಂಡರ್ ಅವರು. ಹಳ್ಳಿಗಳಲ್ಲಿ ಅವರನ್ನು ನೀರಿನೋರು ಎನ್ನುತ್ತಿದ್ದರು. ನಾನು ಗುತ್ತಿಗೆಯವಳು. ಇಂಗ್ಲಿಷಿನಲ್ಲಿ ಬರುವ ವರದಿ ನೋಡಿ ತಿಂಗಳಿಗೊಮ್ಮೆ ಕನ್ನಡದಲ್ಲಿ ಸಾರ್ವಜನಿಕ ಪ್ರಕಟಣೆ ಬರೆಯುವುದು ನನ್ನ ಕೆಲಸ. ಕನ್ನಡ ಎಂ.ಎ. ಮಾಡಿದ್ದೇನೆಂಬ ಜಂಬ ಬೇರೆ.

ಅವರು ಕೇಳದೆ ಯಾವ ಕೆರೆಗೂ ಬಾಟಲಿ ಅದ್ದಿದವರಲ್ಲ. ಮೆಟ್ಟಿಲ ಮೇಲೆ ಬಟ್ಟೆ ಒಗೆಯುವವರನ್ನು "ತಾಯೀ, ಒಂದ್ ಬಾಟ್ಲು ನೀರು ತಗಳ್ಲಾ?" ಎಂದು ಕೇಳುವರು. "ಕೆರೆ ಏನ್ ನಮ್ಮಪ್ಪಂದಾ? ತಗಳಿ ತಗಳಿ" ಎಂದು ಒಗೆಯುವವರು ನಗುವರು. ಅದೇ ನೀರಿನಲ್ಲಿ ಬಾಟಲಿಯನ್ನು ಮೂರು ಸಲ ಗಲಬರಿಸಿ, ಆಮೇಲೆ ತುಂಬಿ, ಚೀಟಿಯ ಮೇಲೆ ಪೆನ್ಸಿಲಿನಲ್ಲಿ ಊರಿನ ಹೆಸರು ಬರೆಯುವರು. ಫಲಿತಾಂಶ ಬಂದಾಗ ಪ್ರಕಟಣೆಯನ್ನು ಹಾಲಿನ ಡೇರಿಯ ಗೋಡೆಗೆ ಅಂಟಿಸುವವರೂ ಅವರೇ. ಜನ ಹಾಲು ಹಾಕಲು ಬರುವ ಹೊತ್ತಿಗೆ ನಿಂತು, ಓದು ಬಾರದವರಿಗಾಗಿ ಗಟ್ಟಿಯಾಗಿ ಓದುವರು. ಕಾಗದದಲ್ಲಿ ಇದ್ದದ್ದನ್ನಷ್ಟೇ ಓದುವರು. ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಡಿಮೆ ಇಲ್ಲ. ಜನ ನಂಬುತ್ತಿದ್ದುದು ಅವರ ಬಾಯನ್ನು, ನನ್ನ ಬರಹವನ್ನಲ್ಲ. ಇದು ನನಗೆ ತಡವಾಗಿ ತಿಳಿಯಿತು.

ಕೆ.ಆರ್. ನಗರದ ರಸ್ತೆಯಲ್ಲಿ ಒಂದು ಊರಿದೆ. ಅಲ್ಲಿನ ಕೆರೆಗೆ ಚರಂಡಿ ನೀರು ಸೇರುತ್ತಿತ್ತು. ವರ್ಷವಿಡೀ ನಮ್ಮ ಪ್ರಕಟಣೆಯಲ್ಲಿ ಆ ಕೆರೆಯ ಮುಂದೆ "ನೀರಾವರಿಗೆ ಮಾತ್ರ" ಎಂದಿತ್ತು. ಊರಿನ ಹೆಂಗಸರು ಕೆರೆ ಬಿಟ್ಟು, ದೂರದ ಬೋರ್‌ವೆಲ್‌ನಿಂದ ಬಿಂದಿಗೆ ಹೊರುತ್ತಿದ್ದರು. ಅಷ್ಟರಲ್ಲಿ ಪ್ರಕಟಣೆ ಮೊಬೈಲಿಗೂ ಹೋಗಬೇಕು, ಚಿಕ್ಕದಾಗಿರಬೇಕು, ಕೆರೆಯ ಮುಂದೆ ಯೋಗ್ಯ ಅಥವಾ ಅಯೋಗ್ಯ ಎಂದಷ್ಟೇ ಇದ್ದರೆ ಸಾಕು ಎಂದು ನಮ್ಮ ಅಧಿಕಾರಿ ಹೇಳಿದರು. ಆ ತಿಂಗಳ ವರದಿಯಲ್ಲೂ ನೀರಾವರಿಗೆ ಮಾತ್ರ ಎಂದೇ ಇತ್ತು. ನಾನು "ಬಳಕೆಗೆ ಯೋಗ್ಯ" ಎಂದು ಬರೆದೆ.

ಅವರು ಕಾಗದ ಹಿಡಿದು ನನ್ನ ಮೇಜಿನ ಹತ್ತಿರ ಬಂದರು. "ಮೇಡಮ್ಮೋರೇ, ಬಳಕೆ ಅಂದ್ರೆ ಯಾವ್ ಬಳಕೆ? ನಮ್ ಕಡೆ ಕುಡಿಯಾಕೊಂದು ಬಿಂದ್ಗೆ, ಬಳಕೆಗೊಂದು ಬಿಂದ್ಗೆ. ಬಳಕೆ ನೀರಲ್ಲಿ ಅಕ್ಕಿ ತೊಳೀತಾರೆ, ಮಕ್ಳ ಮೈಗೆ ನೀರುಯ್ತಾರೆ."

"ನೀರಾವರಿಯೂ ಬಳಕೆ ತಾನೆ? ಕನ್ನಡ ನನಗೆ ಹೇಳ್ಕೊಡ್ತೀರಾ?" ಎಂದೆ. ಪಕ್ಕದ ಮೇಜಿನವರು ನಕ್ಕರು. ನನಗೆ ಖುಷಿಯಾಯಿತು. ಆ ಖುಷಿ ನೆನೆದರೆ ಇಂದಿಗೂ ಮೈ ಹಿಡಿಯಾಗುತ್ತದೆ.

"ಇಲ್ಲ ಬುಡಿ" ಎಂದು ಅವರು ಕಾಗದದ ಕಟ್ಟು ಎತ್ತಿಕೊಂಡು ಹೋದರು.

ಹದಿನೈದು ದಿನಕ್ಕೆ ಆ ಊರಿನಿಂದ ಫೋನು ಬಂತು. ಮಕ್ಕಳಿಗೆ ಮೈತುಂಬ ತುರಿಕೆ, ಗುಳ್ಳೆ. ಇಬ್ಬರು ಮಕ್ಕಳು ವಾಂತಿಭೇದಿಯಾಗಿ ತಾಲ್ಲೂಕು ಆಸ್ಪತ್ರೆಯಲ್ಲಿದ್ದರು. ಅವರೂ ನಾನೂ ಜೀಪಿನಲ್ಲಿ ಹೋದೆವು. ಡೇರಿಯ ಮುಂದೆ ಜನ ಸೇರಿದ್ದರು. ಅವರು ಇಳಿದರು. ನಾನು ಇಳಿಯಲಿಲ್ಲ. ಆಸ್ಪತ್ರೆಯಲ್ಲಿದ್ದ ಒಂದು ಮಗುವಿನ ತಾಯಿ ಕೆರೆ ನೀರು ತುಂಬಿದ ಚೊಂಬನ್ನು ಅವರ ಮುಂದೆ ಹಿಡಿದಳು. "ನೀವೇ ತಾನೆ ಓದಿದ್ದು, ಬಳಕೆಗೆ ಯೋಗ್ಯ ಅಂತ? ತಗಳಿ, ಮುಕ ತೊಳ್ಕಳಿ."

ಅವರು ಚೊಂಬು ತೆಗೆದುಕೊಂಡು ಎಲ್ಲರೆದುರು ಮುಖ ತೊಳೆದುಕೊಂಡರು. ಒರೆಸಿಕೊಳ್ಳಲಿಲ್ಲ. ಜೀಪಿನ ಕಡೆ ತಿರುಗಿಯೂ ನೋಡಲಿಲ್ಲ. ನೋಡಿದ್ದರೆ ಜನರೂ ನೋಡುತ್ತಿದ್ದರು.

ಕಚೇರಿಯಲ್ಲಿ ಅಧಿಕಾರಿ ನಮ್ಮಿಬ್ಬರನ್ನೂ ಕರೆದು, ಇದು ಹೇಗಾಯಿತು ಎಂದು ಕೇಳಿದರು. ನನ್ನ ಗುತ್ತಿಗೆ ಆ ತಿಂಗಳೇ ನವೀಕರಣವಾಗಬೇಕಿತ್ತು. ನಾನು ನೆಲ ನೋಡಿದೆ. "ಅಂಟಿಸ್ದೋನು ನಾನೇ ಸಾರ್. ಓದಿ ಹೇಳ್ದೋನೂ ನಾನೇ. ಅನ್ಮಾನ ಇತ್ತು, ಆದ್ರೂ ಓದ್ಬುಟ್ಟೆ" ಎಂದರು ಅವರು. ಅಧಿಕಾರಿಗೂ ಅಷ್ಟೇ ಬೇಕಿತ್ತೇನೋ. ಅವರನ್ನು ಕೆರೆಗಳಿಂದ ಬಿಡಿಸಿ ಹಳೇ ಕಡತಗಳ ಕೋಣೆಗೆ ಹಾಕಿದರು.

ತಿದ್ದುಪಡಿಯನ್ನು ಬರೆದವಳೂ ನಾನೇ. "ಮುದ್ರಣ ದೋಷದಿಂದ" ಎಂದು ಶುರು ಮಾಡಿದೆ. ಅವರು ಅದನ್ನು ಓದಿ ಕಾಗದವನ್ನು ನನ್ನ ಮೇಜಿನ ಮೇಲಿಟ್ಟರು. "ಮುದ್ರಣ ಮಾಡೋನು ಬಸ್‌ಸ್ಟ್ಯಾಂಡ್ ಹಿಂದ್ಗಡೆ ಪ್ರೆಸ್ನೋನು ಕಣ್ರೀ. ಪಾಪ, ಅವ್ನೇನು ಮಾಡ್ದ?" ಎಂದರು. ವ್ಯಂಗ್ಯವಿರಲಿಲ್ಲ. ಅವರಿಗೆ ನಿಜಕ್ಕೂ ಪ್ರೆಸ್ಸಿನವನ ಚಿಂತೆ.

ಆ ತಿದ್ದುಪಡಿಗೆ ಮೇಲಿನಿಂದ ಒಪ್ಪಿಗೆ ಬರಲು ಮೂರು ವಾರ ಹಿಡಿಯಿತು. ನೀರಾವರಿಗೆ ಮಾತ್ರ ಆಗುವ ಕೆರೆಗಳಿದ್ದ ಬೇರೆ ಊರುಗಳಲ್ಲೂ ನನ್ನ ಅದೇ ಎರಡು ಪದ ಅಂಟಿತ್ತು. ಈಗ ಅಂಟಿಸುವ ಕೆಲಸವೂ ನನ್ನದೇ. ಮೊದಲು ಪಿರಿಯಾಪಟ್ಟಣದ ಕಡೆ ಹೋದೆ. ಅಲ್ಲಿನ ಡೇರಿಯ ಗೋಡೆಯಲ್ಲಿ ನನ್ನ "ಬಳಕೆಗೆ ಯೋಗ್ಯ"ದ ಕೆಳಗೆ ಪೆನ್ಸಿಲಿನಲ್ಲಿ ದಪ್ಪಗೆ ಬರೆದಿತ್ತು: "ಹೊಲಕ್ಕೆ ಮಾತ್ರ. ಮಕ್ಕಳಿಗೆ ಬೇಡ." ಮುಂದಿನ ಊರಿನಲ್ಲೂ ಇತ್ತು, ಎಚ್.ಡಿ. ಕೋಟೆಯ ಕಡೆಯ ಕೊನೆಯ ಊರಿನಲ್ಲೂ ಇತ್ತು. ರಜೆ ಹಾಕಿ, ಬಸ್ಸು ಹಿಡಿದು, ಅವರು ಎಲ್ಲ ಕಡೆ ಹೋಗಿ ಬಂದಿದ್ದರು. ಮಳೆ ಹೊಡೆದು ನನ್ನ ಅಚ್ಚಿನ ಅಕ್ಷರ ಮಸುಕಾಗಿತ್ತು, ಅವರದು ಹಾಗೇ ಇತ್ತು. ಕಚೇರಿಗೆ ಬಂದು ನಾನು ಅದನ್ನೂ ಯಾರಿಗೂ ಹೇಳಲಿಲ್ಲ.

ಕಡತಗಳ ಕೋಣೆಯಿಂದಲೇ ಅವರು ನಿವೃತ್ತರಾದರು. ಹೋದ ವರ್ಷ ತೀರಿಕೊಂಡರು. ಕೆ.ಆರ್. ನಗರದ ಹತ್ತಿರದ ಅವರ ಹಳ್ಳಿಗೆ ಹೋದೆ, ತಿಥಿ ಮುಗಿದ ಮೇಲೆ. ಅವರ ಹೆಂಡತಿ ಜಗಲಿಯಲ್ಲಿ ಕೂತಿದ್ದರು. ದಾರಿಯುದ್ದಕ್ಕೂ ಉರು ಹೊಡೆದ ಮಾತನ್ನು ಒಂದೇ ಉಸಿರಿಗೆ ಹೇಳಿದೆ. "ಅಮ್ಮ, ಆ ಪ್ರಕಟಣೆ ಬರೆದದ್ದು ನಾನು."

"ಗೊತ್ತು ಕಣವ್ವ" ಎಂದರು. "ಆವತ್ತೇ ಹೇಳಿದ್ರು. ಆ ಮಗೀದು ಕಾಂಟ್ರಾಕ್ಟ್ ಕೆಲ್ಸ, ನಂದೇನು, ಇನ್ನೊಂದ್ ವರ್ಸಕ್ಕೆ ರಿಟೈರು, ಅಂದ್ರು. ಆದ್ರೆ ಆ ಊರಿನ್ ಮ್ಯಾಲೆ ಬಸ್ಸಲ್ಲಿ ಹೋಗೋವಾಗ ತಲೆ ಬಗ್ಗಿಸ್ಕೊಂಡು ಕೂತ್ಕೊಳೋರು. ಅದೊಂದು ನೋಡಾಕಾಯ್ತಿರ್ಲಿಲ್ಲ."

ನಾನು ಅಳುವುದನ್ನು ನೋಡಿ ಒಳಗೆ ಹೋಗಿ ಚೊಂಬಿನಲ್ಲಿ ನೀರು ತಂದರು. "ಕುಡಿಯವ್ವ. ಇದು ಕುಡಿಯೋ ಬಿಂದ್ಗೇದೇ" ಎಂದರು.

ಆ ಊರಿನವರಿಗೆ ನಿಜ ಹೇಳಿಬಿಡಬೇಕೆಂದು ಅಲ್ಲಿಂದ ಹೊರಟಾಗ ಗಟ್ಟಿ ಮನಸ್ಸು ಮಾಡಿದ್ದೆ. ಹುಣಸೂರಿನ ಬಸ್ಸು ಆ ಊರಿನ ಮೇಲೆಯೇ ಬರುತ್ತದೆ. ಡೇರಿಯ ಮುಂದೆ ನಿಂತಿತು. ಹಾಲು ಹಾಕುವ ಹೊತ್ತು, ಜನ ಸೇರಿದ್ದರು. ಅಂದು ಚೊಂಬು ಹಿಡಿದಿದ್ದ ಆ ತಾಯಿಯೂ ಇದ್ದಳು, ಪಕ್ಕದಲ್ಲಿ ಬೆಳೆದ ಮಗಳು. ಕಂಡಕ್ಟರು "ಇಳಿಯೋರಿದ್ದೀರಾ?" ಎಂದು ಎರಡು ಸಲ ಕೂಗಿದ. ನಾನು ತಲೆ ಬಗ್ಗಿಸಿಕೊಂಡು ಕೂತೇ ಇದ್ದೆ.