ದೊಡ್ಡ ಪೈಲ್ವಾನನ ಕೈಯಲ್ಲಿ ಸೋತವನು

ನನಗೆ ಲೆಕ್ಕ ಬರುವುದಿಲ್ಲ. ಕೂಡಿಸುವುದು, ಕಳೆಯುವುದು ಹೇಗೋ ನಡೆದುಹೋಗುತ್ತದೆ. ಸೋಲು ಗೆಲುವಿನ ಲೆಕ್ಕ ಮಾತ್ರ ಈ ವಯಸ್ಸಿಗೂ ತಲೆಗೆ ಹತ್ತಿಲ್ಲ. ಮೊನ್ನೆ ಪತ್ರಿಕೆಯಲ್ಲಿ ಪರದೇಶದ ಮುಷ್ಟಿಮಲ್ಲನೊಬ್ಬನ ಚಿತ್ರ ಬಂದಿತ್ತು. ಚಪ್ಪಟೆ ಮೂಗು, ಮುದ್ದೆಯಾದ ಕಿವಿ, ಮುಖದ ತುಂಬ ನಗು. ಅವನು ಮಾಡಿದ ಸಾಧನೆಯೇನು ಅಂತೀರಿ? ಜಗತ್ತಿಗೇ ದೊಡ್ಡವನಾದ ಒಬ್ಬ ಮುಷ್ಟಿಮಲ್ಲ, ಯಾರ ಕೈಗೂ ಸಿಗದಿದ್ದ ತನ್ನ ಏರುಗಾಲದಲ್ಲಿ, ಇವನನ್ನು ಹಣ್ಣುಗಾಯಿ ನೀರುಗಾಯಿ ಮಾಡಿ ಮಲಗಿಸಿದ್ದನಂತೆ. ಅಷ್ಟಕ್ಕೇ ಚಿತ್ರ! ನಾನೂ ಮೆಟ್ರಿಕ್ಕಿನ ಗಣಿತದಲ್ಲಿ ಸೋತವನೇ. ಅಂಥ ಕಠಿಣ ಪ್ರಶ್ನೆಪತ್ರಿಕೆ ಹಿಂದೆಂದೂ ಬಂದಿರಲಿಲ್ಲವೆಂದು ಮಾಸ್ತರರೇ ಒಪ್ಪಿಕೊಂಡಿದ್ದರು. ಆದರೂ ನನ್ನ ಚಿತ್ರವನ್ನು ಯಾರೂ ಹಾಕಲಿಲ್ಲ.

ನಮ್ಮ ಶಿಗ್ಗಾಂವದಲ್ಲಿ ಗುದ್ದಾಟ ಒಂದು ಆಟವಲ್ಲ. ಅದು ಹೊಲದ ಬದುವಿನ ಮೇಲೆ ಆಗುವಂಥದು, ಕೊನೆಗೆ ಕಚೇರಿಗೆ ಹೋಗುವಂಥದು. ಆಟವೆಂದರೆ ಕುಸ್ತಿ. ಆ ಮುಷ್ಟಿಮಲ್ಲನ ನಗು ನೋಡಿದಾಗ ನನಗೆ ನೆನಪಾದದ್ದು ನನ್ನ ಸೋದರಮಾವ ಫಕ್ಕೀರಪ್ಪ. ಅವನು ಹಂಸಭಾವಿಯವನು. ಮಕ್ಕಳಿಲ್ಲ, ಹೆಂಡತಿ ತೀರಿಕೊಂಡಿದ್ದಳು. ವರ್ಷದ ಬಹುಭಾಗ ತಂಗಿಯ ಮನೆಯಲ್ಲಿ, ಅಂದರೆ ನಮ್ಮ ಮನೆಯಲ್ಲಿ ಇರುತ್ತಿದ್ದ. ಮನೆಯಲ್ಲಿ ಅನ್ನುವುದಕ್ಕಿಂತ ನಮ್ಮೂರ ಗರಡಿಮನೆಯಲ್ಲಿ ಎಂದರೆ ಸರಿಯಾದೀತು.

ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಮೊದಲು ಸವಣೂರಿನ ಕಣದಲ್ಲಿ ಮಾವ ಮಿರಜ ಕಡೆಯ ಸಖಾರಾಮ ಪೈಲ್ವಾನನಿಗೆ ಎದುರಾಗಿದ್ದ. ಸಖಾರಾಮನೆಂದರೆ ಆಗ ಜೋಡಿಯೇ ಇಲ್ಲದ ಪೈಲ್ವಾನ. ಹಲಗೆಯ ಸದ್ದು ಕಾವೇರುವುದರೊಳಗೆ ಮಾವನ ಬೆನ್ನು ಮಣ್ಣು ಕಂಡಿತ್ತು. ವಿಚಿತ್ರವೆಂದರೆ ಅಂದಿನಿಂದ ಮಾವನ ಮರ್ಯಾದೆ ಏರುತ್ತಲೇ ಹೋಯಿತು. ಸಂತೆಯಲ್ಲಿ ಜನ ಎದ್ದು ಜಾಗ ಕೊಡುತ್ತಿದ್ದರು. "ಸಖಾರಾಮನ ಜೋಡಿ ಕೈ ಕೂಡಿಸಿದಾಂವರಿ" ಎಂದು ಪರವೂರಿನವರಿಗೆ ತೋರಿಸುತ್ತಿದ್ದರು. ಸಣ್ಣಪುಟ್ಟವರನ್ನು ಕೆಡವಿ ಬೆಳ್ಳಿ ಕಡಗ ಹಾಕಿಕೊಂಡವರ ಹೆಸರನ್ನು ಕೇಳುವವರೇ ಇರಲಿಲ್ಲ.

ಇದು ನ್ಯಾಯವೋ ಅನ್ಯಾಯವೋ ನನಗೆ ಗೊತ್ತಾಗುವುದಿಲ್ಲ. ಹಾನಗಲ್ಲಿನ ಸುತ್ತ ಎಲ್ಲಿ ನೋಡಿದರೂ ವೀರಗಲ್ಲುಗಳಿವೆ. ಕಾದಾಡಿ ಸತ್ತವನನ್ನು ಅಪ್ಸರೆಯರು ತೋಳು ಹಿಡಿದು ಮೇಲಕ್ಕೆ ಒಯ್ಯುತ್ತಿರುತ್ತಾರೆ. ಅವನನ್ನು ಕೊಂದು, ಮನೆಗೆ ಹೋಗಿ ಉಂಡು ಮಲಗಿದವನಿಗೆ ಕಲ್ಲೂ ಇಲ್ಲ, ಅಪ್ಸರೆಯೂ ಇಲ್ಲ. ಹಾಗಾದರೆ ಸೋಲುವುದೇ ಲಾಭವೇ? ಒಮ್ಮೆ ಮಾವನನ್ನೇ ಕೇಳಿದೆ. "ಸೋತು ನೋಡು, ತಿಳೀತೈತಿ" ಎಂದ. ಗಣಿತದ ವಿಷಯ ಅವನಿಗೆ ಗೊತ್ತಿರಲಿಲ್ಲ.

ಯುದ್ಧ ಮುಗಿಯುವ ಹೊತ್ತಿಗೆ ಲೆಕ್ಕ ಇನ್ನೂ ಗೋಜಲಾಯಿತು. ಹಾನಗಲ್ಲಿನ ನಿಂಗಪ್ಪನೆಂಬ ಪೈಲ್ವಾನ ಹಿರೇಕೆರೂರಿನ ಕಣದಲ್ಲಿ ಅದೇ ಸಖಾರಾಮನನ್ನು ಚಿತ್ ಮಾಡಿಬಿಟ್ಟ. ಅಷ್ಟರಲ್ಲಿ ಸಖಾರಾಮನ ಮೊಣಕಾಲು ಕೈಕೊಟ್ಟಿತ್ತು, ತಲೆ ನರೆತಿತ್ತು. ಆದರೂ ಗೆಲುವು ಗೆಲುವೇ. ಅದೇ ಸಮಯಕ್ಕೆ ನಮ್ಮ ಗರಡಿಯ ಹಳೆಯ ವಸ್ತಾದರು ತೀರಿಕೊಂಡರು. ಪಟ್ಟು ಕಲಿಸುವ ಆ ಗುರುವಿನ ಜಾಗಕ್ಕೆ ಎರಡು ಹೆಸರು ಬಂದವು: ಏರುಗಾಲದ ಸಖಾರಾಮನಿಗೆ ಸೋತ ಫಕ್ಕೀರಪ್ಪ, ಇಳಿಗಾಲದ ಸಖಾರಾಮನನ್ನು ಗೆದ್ದ ನಿಂಗಪ್ಪ. ಮಾವ ಬಾಯಿಬಿಟ್ಟು ಏನನ್ನೂ ಕೇಳಲಿಲ್ಲ. ಆದರೆ ವಸ್ತಾದರಿಗೆ ಸುತ್ತುವ ಆ ಕೆಂಪು ಪಟಕಾ ತನ್ನ ತಲೆಗೆ ಬಂದರೆ ಜನ್ಮ ಸಾರ್ಥಕವೆಂದುಕೊಂಡಿದ್ದ. ಅದು ಅವ್ವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಹಿರಿಯರು ಗರಡಿಯಲ್ಲಿ ಕೂಡಿದರು. ಕಾಳುಕಡಿ ವ್ಯಾಪಾರದ ಶಿವಲಿಂಗಪ್ಪನವರು ಎಲ್ಲರಿಗಿಂತ ಹಿರಿಯರು. ಅವರ ಒಲವು ಮಾವನ ಕಡೆಗೇ ಇತ್ತು. ಇನ್ನೂ ಗಟ್ಟಿಯಾಗಲೆಂದು ನಮ್ಮ ಕಡೆಯವರೇ ಸವಣೂರಿನ ಹುಸೇನಸಾಬನನ್ನು ಸಾಕ್ಷಿಗೆ ಕರೆಸಿದ್ದರು. ಅಂದು ಸಖಾರಾಮನಿಗೆ ಎಣ್ಣೆ ತಿಕ್ಕಿದವನು ಅವನೇ.

"ಆಗ ಸಖಾರಾಮ ಹೆಂಗಿದ್ದ, ಹೇಳು ಹುಸೇನಸಾಬ" ಎಂದರು ಶಿವಲಿಂಗಪ್ಪನವರು.

"ಹುಲಿ ಇದ್ದಂಗ ಇದ್ದರಿ. ಆದ್ರ ಆ ದಿನ ಮಾತ್ರ ಪಾಪ, ಜ್ವರ ಬಂದಿತ್ತರಿ. ಮೈ ರೊಟ್ಟಿ ಹಂಚಿನಂಗ ಸುಡಾಕತ್ತಿತ್ತು. ಕಣಕ್ಕ ಇಳೀಬ್ಯಾಡ್ರಿ ಅಂದ್ರ ಕೇಳಲಿಲ್ಲ."

ಸಭೆಯಲ್ಲಿ ಒಮ್ಮೆಲೇ ಗದ್ದಲ ಎದ್ದಿತು. "ಜ್ವರ ಬಂದಾವನ ಕೈಯಾಗ ಸೋತಾವಗ ಪಟಕಾ ಸುತ್ತತೀರೇನು?" ಎಂದು ನಿಂಗಪ್ಪನ ಕಡೆಯವರು. "ನಿಮ್ಮಾಂವ ಕುಂಟನ್ನ ಕೆಡವ್ಯಾನ, ಅದೇನು ದೊಡ್ಡಸ್ತನ?" ಎಂದು ನಮ್ಮ ಕಡೆಯವರು. ಶಿವಲಿಂಗಪ್ಪನವರು ತಲೆ ಹಿಡಿದುಕೊಂಡರು. "ಹಂಗಾದ್ರ ಇಬ್ಬರೂ ಸಖಾರಾಮನ ಜೋಡಿ ಕುಸ್ತಿ ಹಿಡದೇ ಇಲ್ಲ ಅಂದಂಗಾತು. ಮತ್ತ ನಾವು ಗಾಡಿ ಕಟ್ಟಿಗೊಂಡು ಹೋಗಿ ನೋಡಿದ್ದಾದ್ರೂ ಏನು?" ಅವರ ಗೊಂದಲವೇ ನನ್ನ ಗೊಂದಲ. ಇಷ್ಟು ದಿನ ಮಾವನ ಮರ್ಯಾದೆಯೆಲ್ಲ ಇನ್ನೊಬ್ಬನ ಮೈಕಾವಿನ ಮೇಲೆ ನಿಂತಿತ್ತೆಂದಾಯಿತು.

ಮಾವ ನಿಧಾನವಾಗಿ ಎದ್ದುನಿಂತ. "ಖರೇ ಐತ್ರಿ. ಕೈ ಕೂಡಿಸಿದಾಗ ನನಗೂ ಸುಟ್ಟಿತ್ತು. ದೊಡ್ಡ ಪೈಲ್ವಾನರ ರಕ್ತ ಹಂಗ ಇರತೈತಿ ಅಂತ ತಿಳಕೊಂಡೆ" ಎಂದ. ಗರಡಿಯ ತುಂಬ ನಗೆ ಎದ್ದಿತು. ಆ ನಗೆಯಲ್ಲೇ ತೀರ್ಮಾನವೂ ಆಗಿಹೋಯಿತು. ಪಟಕಾ ನಿಂಗಪ್ಪನ ತಲೆಗೆ ಏರಿತು.

ಮಾವ ಎರಡು ದಿನ ಊಟಕ್ಕೆ ಸರಿಯಾಗಿ ಕೂಡಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಧೋತರ ಉಟ್ಟು, ಅವ್ವನ ಹತ್ತಿರ ಒಂದು ತಂಬಿಗೆ ತುಪ್ಪ ಕೇಳಿದ. ಮಿರಜಿಗೆ ಹೊರಟಿದ್ದ. ಸಖಾರಾಮನ ಬಾಯಿಂದಲೇ ಜ್ವರವಿರಲಿಲ್ಲವೆಂದು ಹೇಳಿಸಿ ತರುತ್ತಾನೆ ಎಂದುಕೊಂಡೆ. ಒಳಗೊಳಗೇ ಖುಷಿಯೂ ಆಯಿತು.

"ಜ್ವರ ಬಂದಾವನ್ನ ಮಾತಾಡಿಸಿ ಬರಬೇಕಲ್ಲವಾ ತಂಗಿ" ಎಂದ ಮಾವ.

ಕಾಯಿಲೆಯವರನ್ನು ಮಾತಾಡಿಸಿ ಬರದಿದ್ದರೆ ನಮ್ಮ ಕಡೆ ಅದು ಸಣ್ಣ ತಪ್ಪಲ್ಲ. ಕಾಯಿಲೆ ವಾಸಿಯಾದರೂ ಬರದವರ ಹೆಸರು ಆ ಮನೆಯಲ್ಲಿ ವಾಸಿಯಾಗುವುದಿಲ್ಲ. ಆದರೂ ಅವ್ವ ಬೆರಗಾದಳು. "ಯಣ್ಣಾ, ಆ ಜ್ವರ ಇಳದು ಎಷ್ಟ ವರ್ಷ ಆತು!"

"ಆಗ ನನಗ ಗೊತ್ತಿರಲಿಲ್ಲ. ಗೊತ್ತಾದ ಮ್ಯಾಲೂ ಹೋಗದಿದ್ರ ಹೆಂಗ? ಜ್ವರದಾಗ ನನ್ನಂಥಾ ಮೂಟಿ ಎತ್ತಿ ಒಗದಾನ. ಎಷ್ಟ ತ್ರಾಸ ಆಗಿರಬೇಕು ಅಂವಗ."

ಹುಬ್ಬಳ್ಳಿಗೆ ಹೋಗಿ ರೈಲು ಹತ್ತಿದ. ವಾರದ ಮೇಲೆ ತಿರುಗಿ ಬಂದ. ನಾನು ಅಂಗಳದಲ್ಲೇ ಹಿಡಿದು ನಿಲ್ಲಿಸಿದೆ.

"ಏನಂದ ಮಾವ? ಗುರುತು ಹಿಡದನೇನು?"

"ಇಲ್ಲ. ಸವಣೂರು ಅಂದೆ, ನೆನಪಿಲ್ಲ ಅಂದ. ಕುಸ್ತಿನೂ ನೆನಪಿಲ್ಲ, ಜ್ವರನೂ ನೆನಪಿಲ್ಲ."

ಮಾವ ಚಪ್ಪಲಿ ಕಳಚಿ, ಕಾಲು ತೊಳೆದುಕೊಂಡು, ಕಟ್ಟೆಯ ಮೇಲೆ ಹಾಯಾಗಿ ಕುಳಿತ.

"ತುಪ್ಪ ಹಚ್ಚಿಗೊಂಡು ಎರಡು ಭಕ್ರಿ ಹೊಡದ. ಈಗ ಆರಾಮ ಅದಾನ" ಎಂದ.