ಮ್ಯಾಜಿಸ್ಟ್ರೇಟನನ್ನು ನಡೆಸಿಕೊಂಡು ಹೋದ ದುಲಾರಿ

ಮದುವೆ ಮನೆಯಲ್ಲಿ ತಾವರೆಯೆಲೆ ಹಾಸಿ ಏಳು ಬಗೆಯ ಪಲ್ಯ ಬಡಿಸಬೇಕಾದಾಗ ಅಜ್ಜಂದಿರ ಕಾಲದಲ್ಲಿ ಕಬ್ಬಿನ ಕೂಲಿಗೆಂದು ಕಡಲು ದಾಟಿ ಬಂದ ಕೊರೆಂಟೈನ್ ತೀರದ ಜನರು ಮೊದಲು ದುಲಾರಿಗೆ ಹೇಳಿ ಕಳುಹಿಸುತ್ತಿದ್ದರು. ಕುಂಬಳಕಾಯಿ ಬೇಯಿಸುವುದರಲ್ಲಿ, ಬೇಳೆ ತುಂಬಿದ ದಾಲ್‌ಪುರಿಯನ್ನು ಹರಿಯದಂತೆ ತಿರುವಿ ಹಾಕುವುದರಲ್ಲಿ ಅವಳನ್ನು ಮೀರಿಸುವವರು ಇರಲಿಲ್ಲವೆಂದಲ್ಲ, ಇದ್ದರು. ಬಡಿಸುವುದರಲ್ಲಿ ಮಾತ್ರ ಯಾರೂ ಇರಲಿಲ್ಲ. ಎಲೆಗೆ ಎರಡೂ ಕೈ ಅಡ್ಡ ಹಿಡಿದರೆ ಬೆರಳ ಸಂದಿಯಿಂದ ಅನ್ನ ಸುರಿಯುವ ಹೆಂಗಸು ಅವಳು. ಉಣ್ಣುವವರು ‘ಸಾಕು’ ಎಂದರೆ ಅದು ಸಂಕೋಚದ ಮಾತೆಂದೇ ತಿಳಿದಿದ್ದಳು.

ಅವಳ ಗಂಡ ಬುಧರಾಮ ಸಮುದ್ರದ ಏರಿಯ ಮೇಲಿನ ತೂಬಿನ ಕಾವಲುಗಾರ. ಇಳಿತದ ಹೊತ್ತಿಗೆ ತೂಬಿನ ಬಾಗಿಲೆತ್ತಿ ಕಬ್ಬಿನ ಗದ್ದೆಯ ನೀರನ್ನು ಹೊರಗೆ ಬಿಡಬೇಕು, ಸಮುದ್ರ ಉಬ್ಬುವ ಮೊದಲು ಮತ್ತೆ ಇಳಿಸಬೇಕು. ಕೆಲಸ ಅಷ್ಟೇ. ಉಳಿದ ಹೊತ್ತೆಲ್ಲ ಅವನ ಟೋವಾಟೋವಾ ಹಕ್ಕಿಗೆ ಮೀಸಲು. ಗುಬ್ಬಿಗಿಂತ ಚಿಕ್ಕದಾದ ಹಕ್ಕಿ ಅದು. ಮೈಯೆಲ್ಲ ಕಪ್ಪು, ಹೊಟ್ಟೆ ಮಾತ್ರ ಇಟ್ಟಿಗೆಗೆಂಪು, ಬೀಜ ಒಡೆಯುವುದಕ್ಕೆಂದೇ ಮಾಡಿಸಿದಂತಿದ್ದ ದಪ್ಪ ಕೊಕ್ಕು. ಕತ್ತು ಓರೆ ಮಾಡಿ, ಎದುರು ನಿಂತವನು ಏನೋ ಕದ್ದಿದ್ದಾನೆ ಎಂಬಂತೆ ನೋಡುತ್ತಿದ್ದುದರಿಂದ ಬುಧರಾಮ ಅದಕ್ಕೆ ಮ್ಯಾಜಿಸ್ಟ್ರೇಟ್ ಎಂದು ಹೆಸರಿಟ್ಟಿದ್ದ.

ಆ ಕಡೆಯ ಗಂಡಸರು ಪಂಜರವನ್ನು ಕೈಯಲ್ಲಿ ಹಿಡಿದೇ ಎಲ್ಲಿಗಾದರೂ ಹೋಗುತ್ತಾರೆ. ಕ್ಷೌರದ ಅಂಗಡಿಗೂ ಹಕ್ಕಿ ಬೇಕು, ರಮ್ ಅಂಗಡಿಗೂ ಬೇಕು. ಸಾವಿನ ಮನೆಗೆ ಹೋದರೆ ಪಂಜರವನ್ನು ಗೇಟಿಗೆ ನೇತುಹಾಕಿ ಒಳಗೆ ಹೋಗಿ ಅತ್ತು ಬರುತ್ತಾರೆ. ನಾಲ್ಕು ಜನರ ಗದ್ದಲ ಕೇಳಿ, ಹುಲ್ಲು ನೀರು ನೋಡಿ, ಕೈಯ ತೂಗಾಟಕ್ಕೆ ಒಗ್ಗಿದ ಹಕ್ಕಿಯೇ ಭಾನುವಾರದ ಪಂದ್ಯದಲ್ಲಿ ಬಾಯಿ ಬಿಡುವುದು. ಮೈದಾನದಲ್ಲಿ ಎರಡು ಕಂಬಗಳಿಗೆ ಎರಡು ಪಂಜರ ನೇತುಹಾಕಿ, ಯಾವ ಹಕ್ಕಿ ಮೊದಲು ಐವತ್ತು ಸಿಳ್ಳೆ ಮುಗಿಸುತ್ತದೆ ಎಂದು ಎಣಿಸುತ್ತಾರೆ. ಹೆಂಗಸರು ಪಂಜರ ತೊಳೆಯಬಹುದು, ನೀರು ಬದಲಾಯಿಸಬಹುದು. ಅದನ್ನು ಹಿಡಿದು ಬೀದಿಗಿಳಿದ ಹೆಂಗಸನ್ನು ಮಾತ್ರ ಯಾರೂ ಕಂಡಿರಲಿಲ್ಲ.

ಬುಧರಾಮನಿಗೆ ಸಕ್ಕರೆ ಕಾಯಿಲೆ ಇತ್ತು. ಮಳೆಗಾಲ ಕಳೆಯುವ ಹೊತ್ತಿಗೆ ತೂಬಿನ ಬಳಿ ಎಡಗಾಲಿಗೆ ಹಳೆಯ ಮೊಳೆಯೊಂದು ಚುಚ್ಚಿತು. ನೋವಾಗಲಿಲ್ಲವೆಂದು ಅವನೂ ಯಾರಿಗೂ ಹೇಳಲಿಲ್ಲ. ಗಾಯ ಕೊಳೆತು, ನ್ಯೂ ಆಮ್‌ಸ್ಟರ್‌ಡ್ಯಾಮಿನ ಆಸ್ಪತ್ರೆಯಲ್ಲಿ ಪಾದದ ಮುಂಭಾಗವನ್ನು ತೆಗೆಯಬೇಕಾಯಿತು. ಅವನು ಹಲವು ವಾರ ಅಲ್ಲಿಯೇ ಇದ್ದ. ಮಗಳು ಇಂದ್ರಾಣಿ ಆಸ್ಪತ್ರೆಯ ಹತ್ತಿರವೇ ಸಂಸಾರ ಮಾಡಿಕೊಂಡಿದ್ದುದರಿಂದ ಅಪ್ಪನನ್ನು ನೋಡಿಕೊಂಡಳು. ಮನೆ, ದನ, ಹಕ್ಕಿ ದುಲಾರಿಯ ಪಾಲಿಗೆ ಬಂದವು.

ಅವಳಿಗೆ ಗೊತ್ತಿದ್ದ ಆರೈಕೆ ಒಂದೇ. ಗಂಡ ಇಲ್ಲದ ಮನೆಯಲ್ಲಿ ಹಕ್ಕಿ ಸೊರಗೀತು ಎಂದು ಬಟ್ಟಲು ತುಂಬ ಕಾಳು ಸುರಿದಳು. ಬೇಯಿಸಿದ ಮೊಟ್ಟೆಯನ್ನು ಪುಡಿಮಾಡಿ ಇಟ್ಟಳು. ಹಾಲಿನಲ್ಲಿ ನೆನೆಸಿದ ಬ್ರೆಡ್ಡು, ಪೂಜೆಯ ಸಿಹಿಯನ್ನದ ಎರಡು ಅಗುಳು, ಅದನ್ನು ತಿಂದಿತೆಂದು ಮತ್ತೆರಡು ಅಗುಳು. ಹಕ್ಕಿಯೂ ಬೇಡವೆನ್ನಲಿಲ್ಲ.

ಆಸ್ಪತ್ರೆಯಿಂದ ಮನೆಗೆ ಮರಳಿದ ಬುಧರಾಮ ಊರುಗೋಲು ಊರಿಕೊಂಡು ಮೆಟ್ಟಿಲ ಬುಡಕ್ಕೆ ಬಂದವನೇ ತಲೆಯೆತ್ತಿ ಪಂಜರ ನೋಡಿದ.

“ಇದೇನೇ ಇದು? ಮ್ಯಾಜಿಸ್ಟ್ರೇಟನೋ, ನಿಂಬೆಹಣ್ಣೋ?”

“ದೃಷ್ಟಿ ಹಾಕ್ಬೇಡ. ಚೆನ್ನಾಗಿ ತಿಂದ್ಕೊಂಡಿದೆ.”

“ಸಿಳ್ಳೆ ಹಾಕಿ ಎಷ್ಟು ದಿನ ಆಯ್ತು?”

ದುಲಾರಿಗೆ ಆಗಲೇ ಹೊಳೆದದ್ದು. ಮನೆಯಲ್ಲಿ ಹಕ್ಕಿಯ ದನಿ ಕೇಳಿ ಎಷ್ಟೋ ಕಾಲವಾಗಿತ್ತು. ಮೌನವಾಗಿದೆ ಎಂದರೆ ಸುಖವಾಗಿದೆ ಎಂದು ಅವಳು ತಿಳಿದುಕೊಂಡಿದ್ದಳು.

ಬುಧರಾಮ ಬೈಯಲಿಲ್ಲ. ಎತ್ತರದ ಕಂಬಗಳ ಮೇಲೆ ನಿಂತ ಮನೆಯ ಕೆಳಗಿನ ಜೋಲಿಯಲ್ಲಿ ಮಲಗಿದವನು ಏಳಲೂ ಇಲ್ಲ. ತೂಬಿನ ಕೆಲಸ ಬೇರೆಯವರಿಗೆ ಹೋಗಿತ್ತು. ಊರುಗೋಲನ್ನು ಕಂಬಕ್ಕೆ ಒರಗಿಸಿಟ್ಟರೆ ಅದು ಸಂಜೆಯವರೆಗೂ ಅಲ್ಲಿಯೇ ಇರುತ್ತಿತ್ತು. ಪಕ್ಕದ ಮನೆಯ ಕಾಂಪ್ಟನ್ ಒಂದು ಸಂಜೆ ನೋಡಲು ಬಂದ. ಎಸ್ಟೇಟಿನ ಟ್ರ್ಯಾಕ್ಟರ್ ಓಡಿಸುವ ಆಳೆತ್ತರದ ಕರಿಯ ಗಂಡಸು, ಬುಧರಾಮನ ಬಾಲ್ಯದ ಗೆಳೆಯ, ಪಂದ್ಯದಲ್ಲಿ ಹಳೆಯ ಎದುರಾಳಿ. ಅವನ ಹಕ್ಕಿಯ ಹೆಸರು ಡೀಸೆಲ್.

“ನಡೆಸದೆ ಇದ್ರೆ ಇದು ಕೆಡುತ್ತೆ ಕಣೋ, ಬುಧು,” ಎಂದ ಕಾಂಪ್ಟನ್.

“ಗೊತ್ತು. ಫಗ್ವಾ ಹಬ್ಬದ ತನಕ ನೋಡ್ತೀನಿ. ಬಣ್ಣ ಎರಚೋ ಹೊತ್ತಿಗೆ ಇದು ಬಾಯಿ ಬಿಡ್ಲಿಲ್ಲಾಂದ್ರೆ ನೀನೇ ತಗೊಂಡ್ಹೋಗು. ನನ್ನ ಹತ್ರ ಇದ್ದು ಮೂಕ ಆಗೋದು ಬೇಡ.”

ಒಲೆಯ ಮುಂದೆ ರೊಟ್ಟಿ ಸುಡುತ್ತಿದ್ದ ದುಲಾರಿ ಎರಡೂ ಮಾತು ಕೇಳಿಸಿಕೊಂಡಳು. ಹಕ್ಕಿಯ ಮೇಲೆ ಅವಳಿಗೆ ಅಂಥ ಪ್ರೀತಿಯೇನೂ ಇರಲಿಲ್ಲ. ಮದುವೆಯಾದಾಗಿನಿಂದ ಅದರ ಮತ್ತು ಅದರ ಹಿಂದಿನವುಗಳ ಹಿಕ್ಕೆ ಬಳಿದವಳು. ಆದರೆ ಗಂಡ ಇಡೀ ದಿನದಲ್ಲಿ ಕಣ್ಣೆತ್ತಿ ನೋಡುತ್ತಿದ್ದುದು ಆ ಪಂಜರವನ್ನು ಮಾತ್ರ. ಅದೂ ಹೋದರೆ ಜೋಲಿಯಿಂದ ಅವನನ್ನು ಎಬ್ಬಿಸುವುದಕ್ಕೆ ಮನೆಯಲ್ಲಿ ಬೇರೇನೂ ಉಳಿಯುತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಬೇಲಿಯ ಬಳಿ ನಿಂತು ಕೇಳಿದಳು. “ಕಾಂಪ್ಟನ್, ಡೀಸೆಲ್‌ಗೆ ಕಾಳು ಎಷ್ಟು ಹಾಕ್ತೀಯಪ್ಪ?”

ಕಾಂಪ್ಟನ್ ಅವಳನ್ನು ಊರ ಹಿಂದೂಗಳ ರೂಢಿಯಂತೆ ಭೌಜಿ, ಅಣ್ಣನ ಹೆಂಡತಿ, ಎಂದು ಕರೆಯುತ್ತಿದ್ದ. ಅವನು ಜೇಬಿನಿಂದ ಸೋಡಾ ಬಾಟಲಿಯ ಮುಚ್ಚಳ ತೆಗೆದು ತೋರಿಸಿದ. “ಇಷ್ಟು, ಭೌಜಿ. ಬೆಳಿಗ್ಗೆ ಒಂದು, ಸಂಜೆ ಒಂದು. ಮೇಲೆ ಏರಿಯ ಹಸಿ ಹುಲ್ಲಿನ ತೆನೆ, ಹಿಚುಕಿದ್ರೆ ಹಾಲು ಬರ್ಬೇಕು, ಅಂಥದ್ದು.”

“ಇಷ್ಟೇನಾ? ಇದು ಇರುವೆಗೂ ಸಾಲಲ್ವಲ್ಲೋ!”

“ಹೊಟ್ಟೆ ತುಂಬಿದ್ರೆ ಅದ್ಯಾಕೆ ಕೂಗುತ್ತೆ? ನಿಮ್ಮ ಮದುವೆ ಊಟ ಉಂಡು ನಾನು ಯಾವತ್ತಾದ್ರೂ ಹಾಡಿದ್ದೀನಾ? ಎದ್ದು ನಿಲ್ಲೋಕೇ ಆಗಲ್ಲ.”

ಆ ಮುಚ್ಚಳವನ್ನು ಅವಳು ಇಸಿದುಕೊಂಡು ಬಂದಳು. ಮೊದಲ ದಿನ ಕಾಳನ್ನು ಅಳೆದು ಹಾಕುವಾಗ ಅವಳ ಕೈ ತಡೆಯಲಿಲ್ಲ, ಇನ್ನಷ್ಟು ಉದುರಿಸಿತು. ಉದುರಿದ್ದನ್ನು ಮತ್ತೆ ಒಂದೊಂದಾಗಿ ಹೆಕ್ಕಿ ತೆಗೆದಳು. ಮ್ಯಾಜಿಸ್ಟ್ರೇಟ್ ಬಟ್ಟಲು ನೋಡಿತು, ಅವಳನ್ನು ನೋಡಿತು, ಮತ್ತೆ ಬಟ್ಟಲು ನೋಡಿತು. ಅವಳು ಮುಖ ತಿರುಗಿಸಿಕೊಂಡು ಒಳಗೆ ಹೋದಳು.

ಹಕ್ಕಿಯ ಮುಚ್ಚಳ ಒಲೆಯ ಕಟ್ಟೆಯ ಮೇಲೆ ಕುಳಿತ ಮೇಲೆ ಗಂಡನ ಅನ್ನ ಕಡಿಮೆ ಮಾಡಬೇಕೆಂದು ಆಸ್ಪತ್ರೆಯ ಡಾಕ್ಟರರು ಹೇಳಿದ್ದ ಮಾತೂ ಅವಳಿಗೆ ಹೊಸದಾಗಿ ಕೇಳಿಸಿತು. ಬುಧರಾಮನ ಅನ್ನಕ್ಕೂ ಒಂದು ಪಿಂಗಾಣಿ ಲೋಟ ಗೊತ್ತು ಮಾಡಿದಳು.

“ಓಹೋ,” ಎಂದ ಬುಧರಾಮ ತಟ್ಟೆ ನೋಡಿ, “ನನ್ನನ್ನೂ ಪಂದ್ಯಕ್ಕೆ ಬಿಡ್ತೀಯೇನು?”

“ನೀನು ಮೊದ್ಲು ಗೇಟಿನ ತನಕ ನಡಿ. ಆಮೇಲೆ ಪಂದ್ಯ.”

ಅವನು ಬೇಲಿಯ ಕಡೆಗೆ ತಿರುಗಿ ಉಂಡ.

ತೂಕ ಇಳಿದರೂ ಹಕ್ಕಿ ಬಾಯಿ ಬಿಡಲಿಲ್ಲ. ನಡೆಸುವವರು ಬೇಕಾಗಿತ್ತು. ಕಾಂಪ್ಟನ್ ಬೆಳಗಾಗುತ್ತಲೇ ಕಬ್ಬಿನ ಗದ್ದೆಗೆ ಹೋಗುವವನು, ಅವನ ಕೈಯಲ್ಲಿ ಡೀಸೆಲ್ ಇರುತ್ತಿತ್ತು. ದುಲಾರಿ ಎರಡು ದಿನ ಯೋಚಿಸಿದಳು. ಮೂರನೆಯ ದಿನ ತಲೆಗೆ ಓಢ್ನಿ ಬಿಗಿದು, ಕೊಕ್ಕೆಯಿಂದ ಪಂಜರ ಇಳಿಸಿಕೊಂಡು ಹೊರಟಳು.

ಜೋಲಿ ಕಿರುಗುಟ್ಟಿತು. “ಎಲ್ಲಿಗೇ? ಏ! ನನ್ನ ಮಾನ ಕಳೀಬೇಡ ಕಣೇ!”

“ನಿನ್ನ ಮಾನ ಜೋಲೀಲಿದೆ, ಮಲಗಿಸ್ಕೋ,” ಎಂದು ಗೇಟು ಹಾಕಿಕೊಂಡಳು.

ಏರಿಗೆ ಹೋಗುವ ದಾರಿ ರಮ್ ಅಂಗಡಿಯ ಮುಂದಿನ ಸೇತುವೆಯ ಮೇಲೆಯೇ ಇತ್ತು. ಅಲ್ಲಿ ಕುಳಿತಿದ್ದವರಲ್ಲಿ ಹರ್‌ಲಾಲ್ ಎಂಬ ಮೀನು ವ್ಯಾಪಾರಿಯ ಬಾಯಿ ದೊಡ್ಡದು.

“ದುಲಾರಕ್ಕಾ, ಮಾರ್ಕೆಟ್ಟಿಗಾ? ಕೋಳಿ ಸ್ವಲ್ಪ ಸಣ್ಣದಾಯ್ತಲ್ಲ!”

“ಸಾರಿಗೆ ಸಾಲದಿದ್ರೆ ನಿನ್ನ ನಾಲಿಗೆ ಸೇರಿಸ್ತೀನಿ, ಬಾ. ಅದು ಎರಡು ಕೇಜಿ ಇದೆ.”

ಸೇತುವೆಯೆಲ್ಲ ನಕ್ಕಿತು. ಮರುದಿನವೂ ನಕ್ಕಿತು. ಅದರ ಮರುದಿನ ಯಾರೋ ಅವಳ ನಡಿಗೆಯ ಅಣಕ ಮಾಡಿದರು. ವಾರ ಕಳೆಯುವಷ್ಟರಲ್ಲಿ ಹರ್‌ಲಾಲನೇ “ಪಂಜರ ಅಷ್ಟು ಬಿಗಿಯಾಗಿ ಹಿಡೀಬೇಡಕ್ಕಾ. ಹಾಲಿನ ಪಾತ್ರೆ ಅಲ್ಲ ಅದು, ತೂಗ್ಲಿ ಬಿಡು,” ಎಂದು ಹೇಳಿಕೊಟ್ಟ. ಅವಳು ತುಳುಕಬಾರದೆಂದು ಉಸಿರು ಕಟ್ಟಿಕೊಂಡು ನಡೆಯುತ್ತಿದ್ದಳು, ಅದು ನಿಜ. ಕೈ ಸಡಿಲ ಬಿಟ್ಟಳು.

ಮನೆಗೆ ಬಂದರೆ ಬುಧರಾಮ ಅವಳ ಕಡೆ ತಿರುಗುತ್ತಿರಲಿಲ್ಲ. ಆದರೆ ಅವಳು ಪಂಜರವನ್ನು ಕೊಕ್ಕೆಗೆ ಸಿಕ್ಕಿಸುವಾಗ, ಬೇರೆ ಯಾರಿಗೋ ಹೇಳುವಂತೆ, “ಬಿಸಿಲು ಏರೋ ಮೊದ್ಲು ತಿರುಗ್ಬೇಕು,” ಎನ್ನುತ್ತಿದ್ದ. ಇನ್ನೊಂದು ದಿನ, “ತೂಬಿನ ಹತ್ರ ಗಾಳಿ ಜಾಸ್ತಿ. ಒಂದು ಕಡೆ ಬಟ್ಟೆ ಕಟ್ಬೇಕು,” ಎಂದ. ಅವಳು ಕಟ್ಟಿದಳು.

ಫಗ್ವಾ ಹತ್ತಿರ ಬಂದಿತ್ತು. ಒಂದು ಬೆಳಿಗ್ಗೆ ದುಲಾರಿ ಪಂಜರವನ್ನು ಏರಿಯ ಬೇಲಿಕಂಬಕ್ಕೆ ಸಿಕ್ಕಿಸಿ ಹುಲ್ಲಿನ ತೆನೆ ಕೊಯ್ಯುತ್ತಿದ್ದಳು. ಹಿಂದಿನಿಂದ ಯಾರೋ ಕರೆದಂತಾಯಿತು. ತಿರುಗಿದರೆ ಯಾರೂ ಇಲ್ಲ. ಮತ್ತೆ ಬಗ್ಗಿದಳು. ಮತ್ತೆ ಕೇಳಿಸಿತು, ಈ ಸಲ ಉದ್ದಕ್ಕೆ, ಕೊನೆಯಲ್ಲಿ ಒಂದು ಕೊಂಕಿನೊಡನೆ. ಮ್ಯಾಜಿಸ್ಟ್ರೇಟ್ ಗಂಟಲುಬ್ಬಿಸಿ ಕುಳಿತಿತ್ತು. ಅವಳು ತೆನೆಗಳನ್ನು ಸೆರಗಿನಲ್ಲಿ ಹಾಗೆಯೇ ಹಿಡಿದುಕೊಂಡು, ಕೆಮ್ಮು ಬಂದರೂ ಕೆಮ್ಮದೆ ನಿಂತಳು.

ಓಡೋಡಿ ಮನೆಗೆ ಬಂದು ಹೇಳಿದಳು. ಬುಧರಾಮ ಜೋಲಿಯಲ್ಲಿ ಎದ್ದು ಕುಳಿತ. ಇಬ್ಬರೂ ಕಾದರು. ಹಕ್ಕಿ ರೆಕ್ಕೆ ಕೆದರಿಕೊಂಡಿತು, ನೀರು ಕುಡಿಯಿತು, ಸುಮ್ಮನೆ ಕುಳಿತಿತು.

“ನನ್ನ ಸಮಾಧಾನಕ್ಕೆ ಹೇಳ್ತಿದ್ದೀಯ,” ಎಂದು ಅವನು ಮತ್ತೆ ಮಲಗಿದ.

“ಹೌದಪ್ಪ, ಸುಳ್ಳು ಹೇಳೋಕೆ ಏರಿ ತನಕ ಹೋಗ್ಬೇಕಿತ್ತು ನಾನು! ಭಾನುವಾರ ಮೈದಾನಕ್ಕೆ ಬಾ. ನಿನ್ನ ಕಿವೀಲೇ ಕೇಳು.”

ಫಗ್ವಾಕ್ಕೆ ಮುಂಚಿನ ಭಾನುವಾರ ಕಾಂಪ್ಟನ್ ಟ್ರ್ಯಾಕ್ಟರಿಗೆ ಟ್ರೈಲರ್ ಕಟ್ಟಿಕೊಂಡು ಬಂದ. ಬುಧರಾಮನನ್ನು ಮಡಚುವ ಕುರ್ಚಿಯ ಸಮೇತ ಮೇಲೆ ಕೂರಿಸಿದರು. ಹಬ್ಬದ ಅಂಗಿ ತೊಟ್ಟಿದ್ದ. ಮೈದಾನದಲ್ಲಿ ಡೀಸೆಲ್‌ಗೂ ಮ್ಯಾಜಿಸ್ಟ್ರೇಟ್‌ಗೂ ಜೋಡಿ ಕಟ್ಟಿದರು. ರೂಢಿಯಂತೆ ಒಡೆಯನೇ ತನ್ನ ಕಂಬದ ಬಳಿ ನಿಲ್ಲಬೇಕು. ಬುಧರಾಮ ಊರುಗೋಲು ಊರುತ್ತ ಹೋಗಿ ನಿಂತ. ಹರ್‌ಲಾಲ್ ಎಣಿಕೆಗೆ ಕುಳಿತ.

ಡೀಸೆಲ್ ತಡಮಾಡಲಿಲ್ಲ. ಒಂದು, ಎರಡು, ಮೂರು ಎಂದು ಏರುತ್ತ ಹೋಯಿತು. ಮ್ಯಾಜಿಸ್ಟ್ರೇಟ್ ಪಂಜರದ ಆಚೆಯ ಮೂಲೆಗೆ ಸರಿದು ಪುಕ್ಕ ಬಿಗಿದುಕೊಂಡು ಕುಳಿತಿತ್ತು. ಬುಧರಾಮ ಹಳೆಯ ಪದ್ಧತಿಯಲ್ಲಿ ನಾಲಗೆ ಲೊಚಗುಟ್ಟಿಸಿದ. ಹತ್ತಿರ ಬಾಗಿದ. ಬಾಗಿದಾಗ ಊರುಗೋಲು ಸರಕ್ಕನೆ ಸರಿಯಿತು, ಹಕ್ಕಿ ಸರಳಿಗೆ ಬಡಿದುಕೊಂಡಿತು.

ಜನ ಪಿಸುಗುಟ್ಟತೊಡಗಿದರು. ಗಂಡಸರ ಗುಂಪಿನ ಹೊರಗೆ ನಿಂತಿದ್ದ ದುಲಾರಿಗೆ ಕಾಲ ಕೆಳಗಿನ ಹುಲ್ಲು ಬಿಟ್ಟು ಬೇರೇನೂ ಕಾಣಿಸುತ್ತಿರಲಿಲ್ಲ. ಸುಳ್ಳುಗಾರ್ತಿ ಎನ್ನಿಸಿಕೊಳ್ಳುವುದಕ್ಕಿಂತ, ಮನೆಗೆ ಹೋದ ಮೇಲೆ ಖಾಲಿ ಕೊಕ್ಕೆಯ ಕೆಳಗೆ ಆ ಜೋಲಿಯನ್ನು ನೋಡಬೇಕಲ್ಲ ಎಂಬುದೇ ಅವಳಿಗೆ ದೊಡ್ಡದಾಗಿತ್ತು.

ಬುಧರಾಮ ಊರುಗೋಲನ್ನು ನೋಡಿದ, ಹಕ್ಕಿಯನ್ನು ನೋಡಿದ. ಊರುಗೋಲನ್ನು ಬೇಕೆಂದೇ ಸ್ವಲ್ಪ ಅಲುಗಿಸಿದ. ಹಕ್ಕಿ ಮತ್ತೆ ಹಾರಿ ಬಿತ್ತು.

“ಏ, ಇಂದ್ರಾಣಿ ತಾಯಿ! ಎಲ್ಲಿದ್ದೀಯ? ಇಲ್ಲಿ ಬಾ.”

ಗಂಡಸರು ದಾರಿ ಬಿಟ್ಟರು. ಅವಳು ಬಂದಳು.

“ನೀನೇ ನಿಂತ್ಕೋ. ಅದು ನನ್ನನ್ನ ಕಂಡು ಹೆದರ್ತಿದೆ, ಈ ಕೋಲು ಕಂಡು. ಮೂರು ಕಾಲಿನವನನ್ನ ಅದು ಎಲ್ಲಿ ನೋಡಿದೆ?” ಎಂದ. ಹರ್‌ಲಾಲನ ಕಡೆ ತಿರುಗಿ, “ಹೆಂಗಸು ನಿಲ್ಲಬಾರ್ದು ಅಂತ ಏನಾದ್ರೂ ಇದ್ಯೇನಯ್ಯ?” ಎಂದು ಕೇಳಿದ.

“ನನ್ನ ನಾಲಿಗೆ ಸಾರಿಗೆ ಹೋಗೋದು ಬೇಡ, ಮಾರಾಯ. ನಿಲ್ಲಲಿ.”

ಬುಧರಾಮ ಕುಂಟುತ್ತ ಮೈದಾನ ದಾಟಿ ಕ್ರಿಕೆಟ್ ಆಡುವವರ ಷೆಡ್ಡಿನ ಹಿಂದಕ್ಕೆ, ಹಕ್ಕಿಯ ಕಣ್ಣಿಗೆ ಬೀಳದ ಕಡೆಗೆ ಹೋಗಿ ಒಂದು ಕಲ್ಲಿನ ಮೇಲೆ ಕುಳಿತ. ಅಲ್ಲಿಂದ ಅವನಿಗೆ ಕಂಬವೂ ಕಾಣುತ್ತಿರಲಿಲ್ಲ, ಹೆಂಡತಿಯೂ ಕಾಣುತ್ತಿರಲಿಲ್ಲ. ಡೀಸೆಲ್‌ನ ದನಿ ಮಾತ್ರ ಬರುತ್ತಿತ್ತು. ಆಮೇಲೆ ಇನ್ನೊಂದು ದನಿ, ಮೊದಲು ತೊದಲಿ, ಆಮೇಲೆ ಉದ್ದಕ್ಕೆ, ಕೊನೆಯ ಕೊಂಕಿನೊಡನೆ. ಅವನು ತೊಡೆಯ ಮೇಲೆ ಬೆರಳು ಮಡಚುತ್ತ ಎಣಿಸತೊಡಗಿದ.

ಕೂಗಾಟ ಎದ್ದು ಅಡಗಿದ ಮೇಲೆ ದುಲಾರಿ ಪಂಜರ ಹಿಡಿದು ಷೆಡ್ಡನ್ನು ಸುತ್ತಿ ಬಂದಳು. ಊರುಗೋಲು ಹಕ್ಕಿಗೆ ಕಾಣದಂತೆ ಅವನು ಅದನ್ನು ಹುಲ್ಲಿನಲ್ಲಿ ಮಲಗಿಸಿದ.

“ಸೋತ್ವಿ,” ಎಂದಳು.

“ಗೊತ್ತು. ಐದಾರು ಕಡಿಮೆ ಬಿತ್ತು. ಶುರು ಮಾಡಿದ್ದೇ ತಡ ಆಯ್ತಲ್ಲ.”

ಹಿಂದೆಯೇ ಬಂದ ಕಾಂಪ್ಟನ್ ಸೊಂಟದ ಮೇಲೆ ಕೈಯಿಟ್ಟು ನಿಂತ. “ಹಂಗಾದ್ರೆ ಫಗ್ವಾಕ್ಕೆ ನಾನು ಪಂಜರ ತಗೊಂಡ್ಹೋಗ್ಬಹುದು. ನೀನು ಮಾತು ಕೊಟ್ಟಿದ್ದೀಯ.”

“ಬಾಯಿ ಬಿಡ್ಲಿಲ್ಲಾಂದ್ರೆ ಅಂದಿದ್ದೆ. ಕಿವಿ ಇಲ್ವಾ ನಿಂಗೆ? ಮೈದಾನಕ್ಕೆಲ್ಲ ಕೇಳಿಸ್ತು,” ಎಂದ ಬುಧರಾಮ. “ಡೀಸೆಲ್‌ನ ಮನೇಲಿ ಹುಷಾರಾಗಿ ಇಟ್ಕೋ. ಮುಂದಿನ ತಿಂಗಳು ಮತ್ತೆ ಬರ್ತೀವಿ.”

ಸೋಮವಾರ ದುಲಾರಿ ಪಂಜರ ಇಳಿಸಿಕೊಂಡು ಗೇಟು ದಾಟುವಾಗ ಹಿಂದೆ ಕೋಲಿನ ಸದ್ದು ಕೇಳಿಸಿತು. ತಿರುಗಿ ನೋಡಲು ಹೋದಳು.

“ತಿರುಗ್ಬೇಡ, ನಡಿ,” ಎಂದ ಬುಧರಾಮ. “ದೂರದಲ್ಲೇ ಇರ್ತೀನಿ. ಅದಕ್ಕೆ ಕೋಲು ಅಭ್ಯಾಸ ಆಗ್ಬೇಕು.”

ಆ ದಿನ ಅವನು ಸೇತುವೆಯವರೆಗೆ ಬಂದು, ಹರ್‌ಲಾಲನ ಪಕ್ಕದಲ್ಲಿ ಕುಳಿತು ಸುಧಾರಿಸಿಕೊಂಡು ಹಿಂದಿರುಗಿದ. ಕೆಲವು ದಿನಗಳಲ್ಲಿ ಏರಿಯ ಬುಡದವರೆಗೆ ಬಂದ. ಹಕ್ಕಿ ಮೊದಮೊದಲು ಪಂಜರದಲ್ಲಿ ಅತ್ತಿತ್ತ ಹಾರುತ್ತಿತ್ತು. ಹಾರಿದರೆ ಅವನು ಇನ್ನಷ್ಟು ಹಿಂದೆ ಉಳಿಯುತ್ತಿದ್ದ. ಕಬ್ಬಿನ ಕಟಾವು ಶುರುವಾಗುವ ಹೊತ್ತಿಗೆ ಊರಿನವರಿಗೆ ಆ ನೋಟ ಹಳೆಯದಾಗಿತ್ತು. ಮುಂದೆ ಪಂಜರ ತೂಗುತ್ತ ದುಲಾರಿ ಹೋಗುವಳು, ಹಿಂದೆ ಒಂದು ಎತ್ತಿನ ಗಾಡಿಯಷ್ಟು ಅಂತರ ಬಿಟ್ಟು ಬುಧರಾಮ ಕೋಲೂರುತ್ತ, “ಸ್ವಲ್ಪ ನಿಧಾನ ಕಣೇ, ಯಾರ ಮದುವೆಗೆ ಓಡ್ತಿದ್ದೀಯ?” ಎಂದು ಗೊಣಗುತ್ತ ಬರುವನು.