ಬೇಕಂತಲೇ ತಪ್ಪಿದ ಹೊಡೆತಗಳು

ಅಡುಗೆಮನೆಯಲ್ಲಿ ಜಿರಳೆಗಳ ಕಾಟ ವಿಪರೀತವಾಗಿತ್ತು. ಬೋರಿಕ್ ಪೌಡರಿಗೆ ಸಕ್ಕರೆ, ಗೋಧಿಹಿಟ್ಟು ಕಲಸಿ ಉಂಡೆ ಮಾಡಿ ಮೂಲೆ ಮೂಲೆಗೆ ಇಡಿ ಎಂದು ನಮ್ಮ ಬೀದಿಯ ಔಷಧಿ ಅಂಗಡಿಯವನು ಹೇಳಿದ್ದ. ಕಳೆದ ತಿಂಗಳು ಒಂದು ಮಧ್ಯಾಹ್ನ ಅದನ್ನೇ ಮಾಡಲು ಕೂತೆ. ಡಬ್ಬಿಯ ಮುಚ್ಚಳ ಬಿಗಿಯಾಗಿತ್ತು, ಎಳೆದ ರಭಸಕ್ಕೆ ಪುಡಿ ಅಡುಗೆಕಟ್ಟೆಯ ಕರಿಕಲ್ಲಿನ ಮೇಲೆಲ್ಲ ಚೆಲ್ಲಿತು. ಬಳಿಯಲೆಂದು ಕೈ ಇಟ್ಟರೆ ಬೆರಳು ಸರ್ರನೆ ಜಾರಿತು. ಆ ನುಣುಪನ್ನು ಮುಟ್ಟಿ ಮೂವತ್ತು ವರ್ಷವೇ ಆಗಿತ್ತು. ಆದರೂ ಬೆರಳಿಗೆ ಗುರುತು ಸಿಕ್ಕಿತು... ಅಲ್ಲೇ ನೆಲಕ್ಕೆ ಕೂತುಬಿಟ್ಟೆ.

ನಮ್ಮಪ್ಪ ಆಗ ಚಿಕ್ಕಜಾಜೂರು ಸ್ಟೇಷನ್ನಿನಲ್ಲಿ ಟಿಕೆಟ್ ಕೊಡುವ ಗುಮಾಸ್ತರಾಗಿದ್ದರು. ಹಳಿಯ ಪಕ್ಕದಲ್ಲೇ ನೌಕರರ ಮನೆಗಳ ಸಾಲು. ಎರಡು ಮನೆಗಳ ನಡುವೆ ಒಂದೇ ಗೋಡೆ. ನಮ್ಮ ಗೋಡೆಯ ಆಚೆ ಇದ್ದದ್ದು ಒಬ್ಬ ಪಾಯಿಂಟ್ಸ್‌ಮನ್, ಅಂದರೆ ಹಳಿ ಬದಲಿಸುವ, ಬೋಗಿ ಜೋಡಿಸುವ ಕೆಲಸದವರು. ಅವರ ಹೆಂಡತಿಯನ್ನೇ ನಾವು ಅಕ್ಕ ಎನ್ನುತ್ತಿದ್ದದ್ದು. ಆಗ ಅವರಿಗೆ ಇಪ್ಪತ್ತೈದೋ ಇಪ್ಪತ್ತಾರೋ ಇರಬೇಕು. ಮಕ್ಕಳಿನ್ನೂ ಆಗಿರಲಿಲ್ಲ. ತಾಳ್ಯದ ಕಡೆಯವರು. ಅಪ್ಪನ ಮನೆಯಲ್ಲಿ ಕುರಿ ಇದ್ದವು, ಹೊಲವಿತ್ತು, ಮೂವರು ಅಣ್ಣಂದಿರಿದ್ದರು.

ಬೇಸಿಗೆ ರಜೆಯಲ್ಲಿ ನನಗೂ ನನ್ನ ಅಣ್ಣನಿಗೂ ಮಾಡಲು ಏನೂ ಇರುತ್ತಿರಲಿಲ್ಲ. ಬೆಳಿಗ್ಗೆ ಗೂಡ್ಸ್ ಗಾಡಿಯ ಡಬ್ಬಿ ಎಣಿಸುತ್ತಿದ್ದೆವು. ಚಿತ್ರದುರ್ಗದ ಗಾಡಿಗೆ ಎಂಜಿನ್ ಆ ತುದಿಯಿಂದ ಈ ತುದಿಗೆ ಬರುವುದನ್ನು ಬೇಲಿ ಹಿಡಿದು ನೋಡುತ್ತಿದ್ದೆವು. ಹನ್ನೊಂದು ಗಂಟೆಯಾದರೆ ಹೊರಗೆ ಕಾಲಿಡುವಂತಿರಲಿಲ್ಲ, ಹಳಿಯ ಜಲ್ಲಿಕಲ್ಲಿನಿಂದ ಝಳ ಎದ್ದು ಮನೆಯೊಳಗೇ ನುಗ್ಗುತ್ತಿತ್ತು. ನಾನು ಏಳನೆಯ ತರಗತಿ ಮುಗಿಸಿದ ವರ್ಷ ಅಪ್ಪ ದಾವಣಗೆರೆಯಿಂದ ಒಂದು ಕೇರಂ ಬೋರ್ಡು ತಂದುಕೊಟ್ಟರು. ಪಡಸಾಲೆಯಲ್ಲಿ ಮೋಟು ಸ್ಟೂಲಿನ ಮೇಲೆ ಅದನ್ನಿಟ್ಟು, ಕಾಯಿ ಜಾರಲೆಂದು ಬೋರಿಕ್ ಪುಡಿ ಉದುರಿಸಿ, ಸುತ್ತ ಚಾಪೆ ಹಾಸಿ ಸಂಜೆಯವರೆಗೆ ಆಡುತ್ತಿದ್ದೆವು. ಇಬ್ಬರೇ ಆಡಿ ಆಡಿ ಕೊನೆಗೆ ಜಗಳಕ್ಕೇ ಮುಗಿಯುತ್ತಿತ್ತು.

ಒಂದು ದಿನ ಅಕ್ಕ ಹಾಲಿಗೆ ಹೆಪ್ಪು ಹಾಕಲು ಮಜ್ಜಿಗೆ ಕೇಳಿಕೊಂಡು ಬಂದರು. ಲೋಟ ಹಿಡಿದು ಬಾಗಿಲಲ್ಲೇ ನಿಂತು ನಮ್ಮ ಆಟ ನೋಡಿದರು. ನಾನು ಒಂದು ಕಾಯಿಗೆ ಗುರಿಯಿಟ್ಟು ಒದ್ದಾಡುತ್ತಿದ್ದೆ.

"ಅದು ಹಂಗೆ ನೇರ ಹೋಗಲ್ಲ ಕಣವ್ವ. ಆಚೆ ಪಟ್ಟಿಗೆ ಬಡಿ, ತಾನೇ ತಿರುಗಿ ಬಂದು ಬೀಳ್ತೈತೆ," ಎಂದರು.

ನನಗೆ ಬರಲಿಲ್ಲ. ಅವರು ಲೋಟ ಕೆಳಗಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೈಬಳೆಗಳನ್ನು ಮೊಣಕೈವರೆಗೆ ಏರಿಸಿಕೊಂಡು ಕೂತರು. ತಿಕ್ಕಿ ತೊಳೆದು ಬಿರುಕುಬಿಟ್ಟ ಬೆರಳು. ಸ್ಟ್ರೈಕರಿಗೆ ಆ ಬೆರಳು ತಾಗಿದ್ದೇ ಗೊತ್ತಾಗಲಿಲ್ಲ. ಎದುರಿನ ಪಟ್ಟಿಗೆ ಬಡಿದು ಬಂದ ಸ್ಟ್ರೈಕರ್ ಕಾಯಿಯನ್ನು ಮೆತ್ತಗೆ ತಳ್ಳಿತು. ಕಾಯಿ ಪಾಕೆಟ್ಟಿನ ಅಂಚಿನಲ್ಲಿ ಒಂದು ಕ್ಷಣ ನಿಂತು ಒಳಗೆ ಬಿತ್ತು. ಅಣ್ಣ ಬಾಯಿ ತೆರೆದುಕೊಂಡು ಕೂತಿದ್ದ.

ಅಂದಿನಿಂದ ಯಜಮಾನರು ಹಗಲು ಡ್ಯೂಟಿಗೆ ಹೋದ ದಿನಗಳಲ್ಲೆಲ್ಲ ಅಕ್ಕ ನಮ್ಮ ಮನೆಗೆ ಬರತೊಡಗಿದರು. ಪಾತ್ರೆ, ಬಟ್ಟೆ ಮುಗಿಸಿ ಬಂದವರು ನಾಲ್ಕು ಗಂಟೆವರೆಗೆ ಕದಲುತ್ತಿರಲಿಲ್ಲ. ಇಷ್ಟು ಚೆನ್ನಾಗಿ ಹೇಗೆ ಕಲಿತಿರಿ ಎಂದು ಕೇಳಿದ್ದಕ್ಕೆ, ಅಣ್ಣಂದಿರು ಮೂವರಿದ್ದರು, ಆಟಕ್ಕೆ ನಾಲ್ಕನೆಯವರು ಬೇಕಿತ್ತು, ನಾನಿದ್ದೆ, ಅಷ್ಟೇ ಎಂದರು. ದೊಡ್ಡವಳಾದ ಮೇಲೆ ಬೋರ್ಡು ಮುಟ್ಟಲು ಬಿಡಲಿಲ್ಲವಂತೆ. ಹೊಡೆಯುವ ಮುಂಚೆ ಅವರು ಕೆಳತುಟಿಯನ್ನು ಒಂದಿಷ್ಟು ಒಳಗೆಳೆದುಕೊಳ್ಳುತ್ತಿದ್ದರು. ಕಾಯಿ ಬಿದ್ದರೆ ನಗುತ್ತಿರಲಿಲ್ಲ, ಬೀಳದಿದ್ದರೆ ನಗುತ್ತಿದ್ದರು. ನೀರು ಸೇದುವಾಗಲೋ ಬಟ್ಟೆ ಹರವುವಾಗಲೋ ಆ ಮುಖ ಅಷ್ಟು ನಿರಾಳವಾಗಿದ್ದದ್ದನ್ನು ನಾನು ಕಂಡಿಲ್ಲ.

ನಾನು ಆಡೋದು ನಮ್ಮನೆಯೋರಿಗೆ ಹೇಳಬ್ಯಾಡ್ರಪ್ಪ ಎಂದು ಮೊದಲ ದಿನವೇ ನಮ್ಮಿಂದ ಮಾತು ತಗೊಂಡಿದ್ದರು. ಯಾಕೆ ಎಂದರೆ, ಅವರಿಗೆ ಆ ಆಟ ಅಂದ್ರೆ ಪ್ರಾಣ ಎಂದರು. ಅದು ಹೇಗೆ ಕಾರಣವಾಗುತ್ತದೋ ನನಗೆ ತಿಳಿಯಲಿಲ್ಲ. ಆತ ಕೇರಂನಲ್ಲಿ ಪಳಗಿದ ಕೈ. ಸ್ಟೇಷನ್ನಿನ ಜನ ಬಿಡುವಿನಲ್ಲಿ ಆಡುವಾಗ ಆತನ ಎದುರು ಯಾರೂ ಗೆದ್ದದ್ದಿಲ್ಲ ಎಂದು ಅಪ್ಪನೇ ಹೇಳುತ್ತಿದ್ದರು. ನಮಗೆ ಆತ ಕೆಟ್ಟವರಾಗಿ ಕಂಡಿರಲಿಲ್ಲ. ಮೆತ್ತಗೆ ಮಾತಾಡುತ್ತಿದ್ದರು, ಕಾಣಿಸಿದಾಗಲೆಲ್ಲ ಪೆಪ್ಪರಮೆಂಟು ಕೊಡುತ್ತಿದ್ದರು.

ಮೇ ತಿಂಗಳ ಒಂದು ಭಾನುವಾರ ಸಂಜೆ ಅಪ್ಪನಿಗೂ ಆತನಿಗೂ ರಜೆಯಿತ್ತು. ಒಳಗೆ ಅಮ್ಮ, ಅಕ್ಕ ಹಪ್ಪಳ ಲಟ್ಟಿಸುತ್ತಿದ್ದರು. ಪಡಸಾಲೆಯಲ್ಲಿ ಅಪ್ಪ, ಆತ, ಅಣ್ಣ, ನಾನು ಆಟಕ್ಕೆ ಕೂತಿದ್ದೆವು. ಎರಡು ಆಟದಲ್ಲಿ ನನಗೆ ಒಂದು ಕಾಯಿಯೂ ಸಿಗಲಿಲ್ಲ. ಮೂರನೆಯ ಆಟದಲ್ಲೂ ನಾನು ತಪ್ಪಿದಾಗ ಆತ ನಕ್ಕು, "ಹೆಣ್ಮಕ್ಕಳ ಬೆರಳಿಗೆ ಇದು ಹತ್ತಲ್ಲ ಬಿಡವ್ವ. ಒಳಗೆ ಹೋಗಿ ಹಪ್ಪಳ ಲಟ್ಟಿಸು," ಎಂದರು. ಅಪ್ಪನೂ ನಕ್ಕರು. ನನಗೆ ಅಳುವೇ ಬಂದಂತಾಯಿತು.

"ಅಕ್ಕನ ಜೊತೆ ಆಡಿ ನೋಡ್ರಿ, ಗೊತ್ತಾಗುತ್ತೆ," ಎಂದುಬಿಟ್ಟೆ.

ಒಳಗೆ ಲಟ್ಟಣಿಗೆಯ ಸದ್ದು ನಿಂತಿತು. ಆತ ಹುಬ್ಬೇರಿಸಿ, ಯಾವಾಗ ಕಲಿತೆಯೇ ಎಂದು ಒಳಗೆ ಕೂಗಿ ಕೇಳಿದರು. ಹುಡುಗರು ಏನೋ ಹೇಳುತ್ತವೆ, ಹಿಟ್ಟು ಒಣಗುತ್ತದೆ ಎಂದು ಅಕ್ಕ ಅಲ್ಲಿಂದಲೇ ಅಂದರು. ಆತ ಬಿಡಲಿಲ್ಲ. ಬರ್ರಿ ತಾಯಿ, ಒಂದಾಟ, ಮಜ ಇರ್ತೈತೆ ಎಂದು ನಮ್ಮಪ್ಪನೂ ದನಿಗೂಡಿಸಿದರು. ಅಕ್ಕ ಕೈ ಒರೆಸಿಕೊಳ್ಳುತ್ತ ಬಂದು ಗಂಡನ ಎದುರಿಗೆ ಕೂತರು. ಆಟ ಅವರಿಬ್ಬರಿಗೇ ಬಿಟ್ಟು ಅಪ್ಪನೂ ಅಣ್ಣನೂ ನಾನೂ ಪಕ್ಕಕ್ಕೆ ಸರಿದೆವು. ಅಮ್ಮ ಬಾಗಿಲಿಗೆ ಬಂದು ನಿಂತರು.

ಅಕ್ಕ ಸೋಲಲು ಶುರುಮಾಡಿದರು. ಪಾಕೆಟ್ಟಿನ ಬಾಯಲ್ಲೇ ಇದ್ದ ಕಾಯಿಗೂ ಗುರಿ ತಪ್ಪಿದರು. ಮತ್ತೊಮ್ಮೆ ಸ್ಟ್ರೈಕರನ್ನೇ ಒಳಗೆ ಕೆಡವಿ ಫೌಲ್ ಮಾಡಿಕೊಂಡರು. ಆತನ ಆರು ಕಾಯಿ ಹೋಗಿದ್ದವು, ಅಕ್ಕನದು ಒಂದು. ಆತ ಅಪ್ಪನ ಕಡೆ ನೋಡಿ ಕಣ್ಣು ಮಿಟುಕಿಸಿದರು. ಅಕ್ಕ ತಪ್ಪುತ್ತಿರಲಿಲ್ಲ, ತಪ್ಪಿಸುತ್ತಿದ್ದರು ಎನ್ನುವುದು ಗೊತ್ತಿದ್ದದ್ದು ನನಗೆ, ಅಣ್ಣನಿಗೆ ಮಾತ್ರ. ಅಣ್ಣ ನನಗಿಂತ ಎರಡೇ ವರ್ಷ ದೊಡ್ಡವನು. ಅವನಿಗೆ ಏನು ಅರ್ಥವಾಯಿತೋ, ತಲೆ ತಗ್ಗಿಸಿಕೊಂಡು ಚಾಪೆಯ ಕಡ್ಡಿ ಕೀಳುತ್ತ ಕೂತ. ನನಗೆ ಸುಮ್ಮನಿರಲು ಆಗಲಿಲ್ಲ.

"ಅಕ್ಕ, ನೀವು ಬೇಕಂತಲೇ ತಪ್ಪಿಸ್ತಿದೀರ."

ಅಕ್ಕ ನನ್ನನ್ನು ನೋಡಿದರು. ಬೈಯುವ ನೋಟವಲ್ಲ ಅದು... ಏನೆಂದು ಹೇಳಲಿ. ಹೋಗುತ್ತಿರುವ ಗಾಡಿಯನ್ನು ನೋಡುವ ಹಾಗೆ ನೋಡಿದರು.

ಆತನ ನಗು ಹಾಗೇ ಇತ್ತು. "ಹೌದೇನು? ನನಗೆ ಗೆಲುವು ದಾನ ಮಾಡ್ತಿದೀಯ?" ಎಂದು ಮೆತ್ತಗೆ ಕೇಳಿ, "ಸರಿಯಾಗಿ ಆಡು," ಎಂದರು.

ಅಕ್ಕ ಬಳೆ ಮೇಲೇರಿಸಿಕೊಂಡರು. ಆ ಸರದಿಯಲ್ಲಿ ಐದು ಕಾಯಿ ಹಾಕಿದರು, ಒಂದಾದ ಮೇಲೆ ಒಂದು, ನಡುವೆ ತಲೆಯೆತ್ತದೆ. ಆತ ಹೊಡೆದದ್ದು ತಪ್ಪಿತು. ಮುಂದಿನ ಸರದಿಯಲ್ಲಿ ಕೆಂಪು ಕಾಯಿ, ಅದರ ಬೆನ್ನಿಗೆ ಉಳಿದ ಮೂರೂ. ಕೊನೆಯದನ್ನು ಅವರು ಎದುರಿನ ಪಟ್ಟಿಗೆ ಬಡಿಸಿ ತಂದರು. ಅಷ್ಟು ಸುತ್ತಿ ತರುವ ಅಗತ್ಯವಿರಲಿಲ್ಲ, ನೇರವಾಗಿಯೇ ಹಾಕಬಹುದಿತ್ತು.

ಆತ ಚಪ್ಪಾಳೆ ತಟ್ಟಿ ಭೇಷ್ ಎಂದರು. ನಾನು ಕುಣಿದಾಡಿದೆ. ಅಪ್ಪ ನಕ್ಕರು, ಆದರೆ ಅದು ಪೂರ್ತಿ ನಗುವಾಗಲಿಲ್ಲ. ಅಕ್ಕ ಎದ್ದು, ಉಳಿದ ಹಿಟ್ಟನ್ನು ಅಲ್ಲೇ ಬಿಟ್ಟು, ಗಂಡನ ಹಿಂದೆ ಮನೆಗೆ ಹೋದರು.

ಇನ್ನೂ ಪೂರ್ತಿ ಕತ್ತಲಾಗಿರಲಿಲ್ಲ. ಗೋಡೆಯ ಆಚೆ ರೇಡಿಯೋ ಇದ್ದಕ್ಕಿದ್ದಂತೆ ಜೋರಾಯಿತು. ಅದರ ನಡುವೆ ಒಂದು ಕೂಗು ಕೇಳಿತು. ಒಂದೇ. ಆಮೇಲೆ ರೇಡಿಯೋ ಮಾತ್ರ. ಹೋಗಿ ನೋಡಿ ಬರ್ರಿ ಎಂದು ಅಮ್ಮ ಅಪ್ಪನಿಗೆ ಹೇಳಿದರು. ಅದು ಅವರ ಮನೆ ವಿಚಾರ, ಊಟಕ್ಕಿಡು ಎಂದರು ಅಪ್ಪ. ನಾವು ಕೂತು ಉಂಡೆವು. ಏನು ಸಾರು ಮಾಡಿದ್ದರೆಂಬುದೂ ನೆನಪಿದೆ.

ಬೆಳಿಗ್ಗೆ ಅಕ್ಕನ ಬಲಗೈಗೆ ಹಳೆ ಸೀರೆಯ ಬಟ್ಟೆ ಸುತ್ತಿತ್ತು. ರುಬ್ಬುವ ಕಲ್ಲಿನ ಗುಂಡು ಕೈಮೇಲೆ ಬಿತ್ತು ಎಂದು ಅಮ್ಮನಿಗೆ ಹೇಳಿದರು. ತೋರುಬೆರಳು, ನಡುಬೆರಳು ಬದನೆಕಾಯಿಯಂತೆ ಊದಿದ್ದವು. ಅಮ್ಮ ಅರಿಶಿನ, ಸುಣ್ಣ ಕಲಸಿ ಹಚ್ಚಿದರು. ಹೊಳಲ್ಕೆರೆಯ ಆಸ್ಪತ್ರೆಗೆ ಆತ ಕರೆದುಕೊಂಡು ಹೋದದ್ದು ನಾಲ್ಕು ದಿನದ ಮೇಲೆ. ಅಷ್ಟರಲ್ಲಿ ಮೂಳೆ ಹೇಗೆ ಬೇಕೋ ಹಾಗೆ ಕೂಡಿಕೊಳ್ಳಲು ತೊಡಗಿತ್ತು.

ಇದನ್ನೆಲ್ಲ ಹೇಳುವುದು ಕಷ್ಟವಲ್ಲ. ಹೇಳಲು ಕಷ್ಟವಾದದ್ದು ಮುಂದಿನದು. ಆ ಭಾನುವಾರದ ಮಾರನೆಯ ದಿನವೇ ಸಂಜೆ ಆತ ತಲೆ ಬಾಚಿಕೊಂಡು ನಮ್ಮ ಬಾಗಿಲಿಗೆ ಬಂದರು. ಬರ್ರಿ ಸಾರ್, ಒಂದಾಟ ಹಾಕೋಣ ಎಂದರು. ಅಪ್ಪ ಒಂದು ಕ್ಷಣ ತಡೆದರು. ಆಮೇಲೆ ತಾವೇ ಸ್ಟೂಲು ಎಳೆದು ಬೋರ್ಡು ಇಟ್ಟರು. ದಿನಾ ಒಟ್ಟಿಗೆ ಕೆಲಸ ಮಾಡುವವರು, ಮುಖ ಕೆಡಿಸಿಕೊಳ್ಳುವುದು ಹೇಗೆ ಎಂದು ಆಮೇಲೆ ಅಮ್ಮನಿಗೆ ಹೇಳಿದ್ದು ಕೇಳಿಸಿತ್ತು. ಅಣ್ಣ ಕೂತ. ನಾನೂ ಕೂತೆ. ಹೆದರಿ ಕೂತೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು. ಅಂದು ಆತ ನನ್ನನ್ನು ತನ್ನ ಜೋಡಿ ಮಾಡಿಕೊಂಡರು. ನನಗೆ ಸುಲಭವಾಗುವಂತೆ ಕಾಯಿಗಳನ್ನು ಸರಿಸಿಕೊಟ್ಟರು. ನಾವು ಗೆದ್ದೆವು. ನನಗೆ ಖುಷಿಯಾಗಿತ್ತು.

ಅಕ್ಕ ಮತ್ತೆ ನಮ್ಮ ಬೋರ್ಡಿನ ಹತ್ತಿರ ಬರಲಿಲ್ಲ. ಮಜ್ಜಿಗೆಗೂ ಬರಲಿಲ್ಲ, ಆಚೆ ಸಾಲಿನ ಮನೆಗೆ ಹೋಗುತ್ತಿದ್ದರು. ಮುಂದಿನ ವರ್ಷ ಅಪ್ಪನಿಗೆ ಚಿತ್ರದುರ್ಗಕ್ಕೆ ವರ್ಗವಾಯಿತು. ಹೊರಡುವ ದಿನ ಅವರು ಬಾಗಿಲಿಗೆ ಬಂದು ಅಮ್ಮನಿಗೆ ಕುಂಕುಮ ಕೊಟ್ಟರು, ಎಡಗೈ ಬೆರಳಿನಿಂದ ಕರಡಿಗೆಯ ಮುಚ್ಚಳ ತೆಗೆದು.

ಹದಿನೈದು ವರ್ಷ ಕಳೆದಿತ್ತು. ನಾನು ಹೊಸದುರ್ಗದ ಒಂದು ಶಾಲೆಯಲ್ಲಿ ಟೀಚರಾಗಿದ್ದೆ. ಬೇಸಿಗೆ ರಜೆ ಕೊಟ್ಟ ದಿನ ಬಸ್ಟ್ಯಾಂಡಿನಲ್ಲಿ ಹೊಳಲ್ಕೆರೆ ಬಸ್ಸಿಗೆ ಕಾಯುತ್ತಿದ್ದಾಗ ಯಾರೋ ಹಿಂದಿನಿಂದ ಹೆಸರು ಹಿಡಿದು ಕರೆದರು. ಮುಖ ನೋಡಿದರೆ ಗುರುತು ಸಿಗಲಿಲ್ಲ. ಕೈ ನೋಡಿದೆ. ಎರಡು ಬೆರಳು ಒಂದರ ಮೇಲೊಂದು ಏರಿಕೊಂಡು ಸೆಟೆದಿದ್ದವು.

ಬೆಂಚಿನ ಮೇಲೆ ಕೂತು ಚಹಾ ಕುಡಿದೆವು. ಅವರು ಲೋಟವನ್ನು ಎಡಗೈಯಲ್ಲಿ ಹಿಡಿದಿದ್ದರು. ಇನ್ನೂ ಜಾಜೂರಿನಲ್ಲೇ ಇದ್ದೇವೆ, ಮಗಳೊಬ್ಬಳು ಇದ್ದಾಳೆ, ಕಾಲೇಜಿಗೆ ಸೇರಿಸಬೇಕು ಅಂತ ಆಸೆ, ಆತ ಈಗಲೂ ಹಾಗೇ ಇದ್ದಾರೆ... ಇಷ್ಟನ್ನು ಹೇಳಿದರು. ಅಂದು ನಾನು ಬಾಯಿ ಬಿಡಬಾರದಿತ್ತು, ತಪ್ಪಾಯಿತು ಅಕ್ಕ ಎಂದೆ. ವರ್ಷಗಟ್ಟಲೆ ಆ ಮಾತನ್ನು ಕಟ್ಟಿಕೊಂಡು ತಿರುಗಿದ್ದೆ. ಬಿಡೇ, ಆಗಿನ್ನೂ ಹುಡುಗಿ ನೀನು ಎಂದು ಅವರು ಹೇಳುತ್ತಾರೆ, ನನ್ನ ಭಾರ ಇಳಿಯುತ್ತದೆ ಎಂದುಕೊಂಡಿದ್ದೆ. ಅವರು ಹೇಳಿದ್ದೂ ಅದನ್ನೇ. ಹುಡುಗರು ಬಾಯಿ ಬಿಡುತ್ತವೆ, ಅದಕ್ಕೆ ನಾನು ಏನೂ ಅಂದುಕೊಂಡಿಲ್ಲ ಎಂದರು. ಕೊನೆಯ ಕಾಯಿ ಹಾಕಿದಾಗ ಒಂದು ಗಳಿಗೆ ಚೆನ್ನಾಗಿತ್ತು ಎಂದೂ ಹೇಳಿದರು. ಆಮೇಲೆ ಚಹಾದ ಲೋಟ ಬೆಂಚಿನ ಮೇಲಿಟ್ಟರು.

"ಮಾರನೇ ದಿನ ಗೋಡೆ ಪಕ್ಕ ಮಲಗಿದ್ದೆ. ನಿಮ್ಮನೇಲಿ ಕಾಯಿ ಸದ್ದು ಕೇಳ್ತು. ಯಾರು ಹೊಡೀತಾರಂತ ಸದ್ದಲ್ಲೇ ನಂಗೆ ಗೊತ್ತಾಗೋದು. ಅವ್ರದು ಕೇಳ್ತು, ನಿಮ್ಮಪ್ಪಂದು ಕೇಳ್ತು... ಆಮ್ಯಾಕೆ ನಿಂದು ಕೇಳ್ತು."

ನಾನು ಏನೋ ಹೇಳಹೊರಟೆ. ಅವರ ಬಸ್ಸು ಬಂತು. ಚೀಲ ಎತ್ತಿಕೊಂಡು, ಬರ್ತೀನವ್ವ ಎಂದು ಹತ್ತಿದರು. ಕಿಟಕಿಯ ಪಕ್ಕ ಸೀಟು ಸಿಕ್ಕಿತು. ತಿರುಗಿ ನೋಡಲಿಲ್ಲ.

ಹೋಗಿ ಕಾಣಬಹುದಿತ್ತು. ಚಿತ್ರದುರ್ಗದ ನಮ್ಮ ಮನೆಯಿಂದ ಜಾಜೂರು ಏನು ಮಹಾ ದೂರ. ಪ್ರತಿ ರಜೆಯಲ್ಲೂ ಅಂದುಕೊಳ್ಳುತ್ತಿದ್ದೆ, ಪ್ರತಿ ರಜೆಯೂ ಮುಗಿಯುತ್ತಿತ್ತು. ಪುಡಿ ಚೆಲ್ಲಿದ ಆ ಮಧ್ಯಾಹ್ನ ಹಿರಿಯೂರಿನಲ್ಲಿರುವ ಅಣ್ಣನಿಗೆ ಫೋನ್ ಮಾಡಿ, ಜಾಜೂರಿನ ಅಕ್ಕ ಈಗೆಲ್ಲಿದ್ದಾರೋ ಗೊತ್ತಾ ಎಂದು ಕೇಳಿದೆ. ಅವರು ತೀರಿಕೊಂಡು ಎರಡು ವರ್ಷವಾಯಿತು, ತಾಳ್ಯದ ಕಡೆಯವರೊಬ್ಬರು ಹೇಳಿದ್ದರು, ನಿನಗೆ ಹೇಳಲು ಮರೆತಿದ್ದೆ ಎಂದ. ಆತ ಗಟ್ಟಿಯಾಗಿದ್ದಾರಂತೆ.

ಅಪ್ಪ ಈಗ ನನ್ನ ಜೊತೆಯೇ ಇದ್ದಾರೆ. ಎಂಬತ್ತು ದಾಟಿದೆ, ಕಿವಿ ಚುರುಕಾಗಿದೆ. ಫೋನ್ ಇಟ್ಟು ಹೋಗಿ ಅವರಿಗೆ ವಿಷಯ ಹೇಳಿದೆ. ಪತ್ರಿಕೆ ಮಡಿಸಿದರು.

"ಅವನ ಹೆಂಡ್ತೀನಾ? ಪಾಪ," ಎಂದರು. "ಅವನು ಒಳ್ಳೆ ಆಟಗಾರ ಕಣವ್ವ. ಅವನನ್ನ ಸೋಲಿಸಿದೋರನ್ನ ನಾನಂತೂ ನೋಡಿಲ್ಲ."

"ನೋಡಿದೀರಪ್ಪ," ಎಂದೆ. "ನಮ್ಮ ಪಡಸಾಲೇಲೇ. ಅಕ್ಕ ಸೋಲಿಸಿದ್ರು. ನೀವು ಪಕ್ಕದಲ್ಲೇ ಕೂತಿದ್ರಿ."

ಅಪ್ಪ ನನ್ನ ಮುಖವನ್ನೇ ನೋಡಿದರು. ಆಮೇಲೆ ಇರಬಹುದು, ಹಳೇದು, ನೆನಪಿಲ್ಲ ಎಂದು ಪತ್ರಿಕೆ ಬಿಡಿಸಿಕೊಂಡರು. ನಿಜವಾಗಿಯೂ ಮರೆತಿದ್ದರೋ ಏನೋ, ನನಗೆ ಗೊತ್ತಾಗಲಿಲ್ಲ. ಆ ಕೊನೆಯ ಹೊಡೆತ ಹೇಗಿತ್ತೆಂದು ಅವರಿಗೆ ಪೂರ್ತಿ ಹೇಳಬೇಕೆಂದು ಅಲ್ಲೇ ನಿಂತಿದ್ದೆ. ಅವರು ಪುಟ ತಿರುಗಿಸಿದರು. ಅಷ್ಟಕ್ಕೇ ನಾನು ಸುಮ್ಮನಾದೆ, ಆವತ್ತು ಸುಮ್ಮನೆ ಕೂತು ಉಂಡ ಹಾಗೆಯೇ.